ಪದ ಪರಿಚಯ: ಸಾಂಸ್ಕೃತಿಕ ಮನೋವಿಜ್ಞಾನ ಮತ್ತು ಅದನ್ನು ಬೆಳೆಸಿದ ಸಂಘ

ಮನುಷ್ಯನ ಮನಸ್ಸು ಅವನು ಹುಟ್ಟಿ ಬೆಳೆದ ಸಂಸ್ಕೃತಿಯೊಳಗೆ ಹೇಗೆ ರೂಪುಗೊಳ್ಳುತ್ತದೆ, ಅಂಥ ಮನಸ್ಸುಗಳೆಲ್ಲ ಸೇರಿ ಆ ಸಂಸ್ಕೃತಿಯನ್ನು ಹೇಗೆ ಮುಂದುವರಿಸುತ್ತವೆ ಎಂದು ಪರಿಶೀಲಿಸುವ ಶಾಸ್ತ್ರವೇ ಸಾಂಸ್ಕೃತಿಕ ಮನೋವಿಜ್ಞಾನ. ಸಂಸ್ಕೃತಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಹಬ್ಬ, ಉಡುಗೆ, ಸಂಗೀತ ಬರುತ್ತವೆ. ಈ ಶಾಸ್ತ್ರದವರ ಗಮನ ಅದಕ್ಕಿಂತ ಸಣ್ಣ ಸಂಗತಿಗಳ ಮೇಲೆ. ಮಗು ರಾತ್ರಿ ಯಾರ ಪಕ್ಕ ಮಲಗುತ್ತದೆ, ಹಿರಿಯರ ಎದುರು ಎಷ್ಟು ಮಾತನಾಡಬಹುದು, ನೆಂಟರು ಸಾಲ ಕೇಳಿದಾಗ ಇಲ್ಲ ಎನ್ನುವ ಹಕ್ಕು ಇದೆಯೇ, ತಪ್ಪು ಮಾಡಿದವನನ್ನು ಕೆಟ್ಟವನು ಎನ್ನಬೇಕೋ ಅವನ ಪರಿಸ್ಥಿತಿ ಕೆಟ್ಟದಾಗಿತ್ತು ಎನ್ನಬೇಕೋ. ದಿನವೂ ಯೋಚಿಸದೆಯೇ ಪಾಲಿಸುವ ಇಂಥ ನಡೆಗಳಲ್ಲಿ ಮನಸ್ಸಿನ ಆಕಾರ ನಿರ್ಧಾರವಾಗುತ್ತದೆ ಎಂಬುದು ಈ ಶಾಸ್ತ್ರದ ನಂಬಿಕೆ.

ಇಂಥದ್ದೊಂದು ಶಾಖೆ ಪ್ರತ್ಯೇಕವಾಗಿ ಏಕೆ ಬೇಕಾಯಿತು? ಸಾಮಾನ್ಯ ಮನೋವಿಜ್ಞಾನದ ಪಠ್ಯಪುಸ್ತಕಗಳು ‘ಮನುಷ್ಯ ಹೀಗೆ ನೆನಪಿಟ್ಟುಕೊಳ್ಳುತ್ತಾನೆ, ಹೀಗೆ ನಿರ್ಧರಿಸುತ್ತಾನೆ’ ಎಂದು ಹೇಳುತ್ತವೆ. ಆ ಮನುಷ್ಯ ಎಲ್ಲಿಯವನು ಎಂದು ಹುಡುಕಿದರೆ ಅವನು ಬಹುಮಟ್ಟಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ. ಮನೋವಿಜ್ಞಾನಿ ಜೆಫ್ರಿ ಆರ್ನೆಟ್ ಅವರು ಅಮೆರಿಕದ ಆರು ಪ್ರಮುಖ ಮನೋವಿಜ್ಞಾನ ಪತ್ರಿಕೆಗಳಲ್ಲಿ 2003ರಿಂದ 2007ರವರೆಗೆ ಬಂದ ಲೇಖನಗಳನ್ನು ಪರಿಶೀಲಿಸಿ 2008ರಲ್ಲಿ ಲೆಕ್ಕ ಕೊಟ್ಟರು. ಅಧ್ಯಯನಕ್ಕೆ ಒಳಗಾದವರಲ್ಲಿ ಶೇ 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಜಗತ್ತಿನ ಜನಸಂಖ್ಯೆಯ ಶೇ 12ರಷ್ಟು. ಉಳಿದ ಶೇ 88ರಷ್ಟು ಜನರ ಮನಸ್ಸು ಹೇಗಿದೆ ಎಂದು ಹೆಚ್ಚುಕಡಿಮೆ ಯಾರೂ ಕೇಳಿಯೇ ಇರಲಿಲ್ಲ. ಆ ಶೇ 88ರಲ್ಲಿ ನಾವೂ ಇದ್ದೇವೆ. ನನ್ನ ಮಟ್ಟಿಗೆ ಇದು ವಿಜ್ಞಾನದೊಳಗಿನ ಸಣ್ಣ ಲೋಪವಲ್ಲ, ದೊಡ್ಡ ಅನ್ಯಾಯ.

ಈ ಕೊರತೆಯನ್ನು ಮೊದಲೇ ಕಂಡವರೂ ಇದ್ದರು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದು ಆಧುನಿಕ ಮನೋವಿಜ್ಞಾನಕ್ಕೆ ಬುನಾದಿ ಹಾಕಿದ ವಿಲ್‌ಹೆಲ್ಮ್ ವುಂಟ್ ಅವರೇ, ಭಾಷೆ, ಪುರಾಣ, ಆಚಾರಗಳಲ್ಲಿ ಮೈದಳೆದ ಮನಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯಲಾಗದು ಎಂದು ತಿಳಿದು, ಅದಕ್ಕಾಗಿ ಹತ್ತು ಸಂಪುಟಗಳನ್ನು ಬರೆದರು. ನಮ್ಮ ಪಕ್ಕದ ನೀಲಗಿರಿಯಲ್ಲೂ ಇಂಥ ಒಂದು ಪ್ರಯತ್ನ ನಡೆದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಡಬ್ಲ್ಯು.ಎಚ್.ಆರ್. ರಿವರ್ಸ್ ಅಲ್ಲಿನ ಬುಡಕಟ್ಟಿನವರಾದ ತೋಡರ ನಡುವೆ ಇದ್ದು ಅವರ ದೃಷ್ಟಿ ಮೊದಲಾದ ಇಂದ್ರಿಯಗಳನ್ನು ಪರೀಕ್ಷಿಸಿದರು. ಒಂದೇ ಅಳತೆಯ ಎರಡು ಗೆರೆಗಳು. ಒಂದರ ತುದಿಗಳಲ್ಲಿ ಒಳಮುಖದ ಬಾಣದ ರೆಕ್ಕೆಗಳು, ಇನ್ನೊಂದರಲ್ಲಿ ಹೊರಮುಖದವು. ಎರಡನೆಯದು ಉದ್ದವಾಗಿ ಕಾಣುತ್ತದೆ. ಇಂಗ್ಲೆಂಡಿನವರು ಮೋಸ ಹೋದಷ್ಟು ತೋಡರು ಹೋಗಲಿಲ್ಲ. ಕಣ್ಣಿನ ಭ್ರಮೆಯೂ ಎಲ್ಲ ಕಡೆ ಒಂದೇ ಅಲ್ಲ ಎಂಬ ಈ ಸುಳಿವನ್ನು, 1966ರಲ್ಲಿ ಸೀಗಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ ಹಲವು ಸಮಾಜಗಳಲ್ಲಿ ಒರೆಗೆ ಹಚ್ಚಿ ದೃಢಪಡಿಸಿದರು.

ಆದರೆ ಇವೆಲ್ಲ ಚದುರಿದ ಪ್ರಯತ್ನಗಳಾಗಿದ್ದವು. ಆಫ್ರಿಕದಲ್ಲಿ ದುಡಿಯುತ್ತಿದ್ದವನಿಗೆ ಏಷ್ಯದಲ್ಲಿ ಯಾರಿದ್ದಾರೆ ಎಂದು ಗೊತ್ತಿರುತ್ತಿರಲಿಲ್ಲ. ಬರೆದದ್ದನ್ನು ಪ್ರಕಟಿಸುವ ಜಾಗವೂ ಕಡಿಮೆ. ಇಲ್ಲಿಯೇ ವಿದ್ವತ್ ಸಂಘದ ಪಾತ್ರ ಬರುತ್ತದೆ. 1970ರಲ್ಲಿ ವಾಲ್ಟರ್ ಲೋನರ್ ಸಂಪಾದಕತ್ವದಲ್ಲಿ ‘ಜರ್ನಲ್ ಆಫ್ ಕ್ರಾಸ್-ಕಲ್ಚರಲ್ ಸೈಕಾಲಜಿ’ ಆರಂಭವಾಯಿತು. 1972ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಸೇರಿದ ವಿದ್ವಾಂಸರು ಅಂತರ-ಸಾಂಸ್ಕೃತಿಕ ಮನೋವಿಜ್ಞಾನದ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಐಎಸಿಸಿಪಿ ಎನ್ನುತ್ತಾರೆ. ಮಕ್ಕಳ ಕಲಿಕೆಯ ಕುರಿತು ದೊಡ್ಡ ಕೆಲಸ ಮಾಡಿದ್ದ ಜೆರೋಮ್ ಬ್ರೂನರ್ ಅದರ ಮೊದಲ ಅಧ್ಯಕ್ಷರು.

ಸಂಘ ಎಂದರೆ ಪದಾಧಿಕಾರಿಗಳು, ಸಭೆ, ಠರಾವು ಎಂದು ನಾವು ಹಗುರವಾಗಿ ನೋಡುವುದುಂಟು. ಈ ಸಂಘದ ವಿಷಯದಲ್ಲಿ ಅದು ಸರಿಯಾಗದು. ಮನುಷ್ಯಮಾತ್ರದ ಬಗ್ಗೆ ಹೇಳಿಕೆ ಕೊಡಬೇಕಾದ ಶಾಸ್ತ್ರಕ್ಕೆ ಒಂದೇ ಊರಿನ ಪ್ರಯೋಗಾಲಯ ಸಾಲದು. ಹತ್ತಾರು ದೇಶಗಳಲ್ಲಿ ಒಬ್ಬರನ್ನೊಬ್ಬರು ನಂಬುವ, ಒಬ್ಬರ ವಿಧಾನವನ್ನು ಇನ್ನೊಬ್ಬರು ತಿದ್ದುವ ಜನ ಬೇಕು. ಅಂದರೆ ಸಂಘವೇ ಇಲ್ಲಿ ಪ್ರಯೋಗಾಲಯ. ಅದಕ್ಕೇ ಎರಡು ವರ್ಷಕ್ಕೊಮ್ಮೆ ನಡೆಯುವ ಇದರ ಸಮ್ಮೇಳನ ಊರೂರು ತಿರುಗುತ್ತದೆ. ಹಾಂಗ್‌ಕಾಂಗ್ ಆದ ಮೇಲೆ ಕೆನಡಾದ ಕಿಂಗ್‌ಸ್ಟನ್, ನೆದರ್ಲೆಂಡ್ಸ್‌ನ ಟಿಲ್‌ಬರ್ಗ್, ಜರ್ಮನಿಯ ಮ್ಯೂನಿಕ್. ಐದನೆಯದು 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ ಹೊಸ ವರ್ಷಕ್ಕೆ ಕಾಲಿಟ್ಟದ್ದು ನಮ್ಮ ಭುವನೇಶ್ವರದಲ್ಲಿ. ಸದಸ್ಯತ್ವ ಶುಲ್ಕವನ್ನು ಸದಸ್ಯರ ಆದಾಯಕ್ಕೆ ತಕ್ಕಂತೆ ಇಟ್ಟಿದ್ದಾರೆ. ಬಡ ದೇಶಗಳ ಸಂಶೋಧಕರು ಸಮ್ಮೇಳನಕ್ಕೆ ಬರಲು ನೆರವಾಗುವ, ವಿಟ್ಕಿನ್ ಮತ್ತು ಒಕೊಂಜಿ ಎಂಬ ಇಬ್ಬರು ವಿದ್ವಾಂಸರ ನೆನಪಿನ ನಿಧಿಯೊಂದಿದೆ. ಕೇಳಲು ಸಣ್ಣ ಏರ್ಪಾಡುಗಳು. ಆದರೆ ಇವು ಇಲ್ಲದಿದ್ದರೆ ಲೋಕದ ಮನಸ್ಸಿನ ಬಗ್ಗೆ ಚರ್ಚಿಸಲು ವಿಮಾನದ ಟಿಕೆಟ್ ಕೊಳ್ಳಬಲ್ಲವರು ಮಾತ್ರ ಕೂರುತ್ತಾರೆ.

ಇಲ್ಲಿ ಎರಡು ಹೆಸರುಗಳನ್ನು ಬಿಡಿಸಿ ನೋಡಬೇಕು. ಸಂಘದ ಹೆಸರಿನಲ್ಲಿರುವುದು ಅಂತರ-ಸಾಂಸ್ಕೃತಿಕ ಮನೋವಿಜ್ಞಾನ. ಒಂದೇ ಅಳತೆಗೋಲನ್ನು ಹಲವು ಸಮಾಜಗಳಲ್ಲಿ ಬಳಸಿ ಹೋಲಿಸುವುದು ಅದರ ಹಾದಿ. ಸಾಂಸ್ಕೃತಿಕ ಮನೋವಿಜ್ಞಾನದ ಪ್ರತಿಪಾದಕರು, ಮುಖ್ಯವಾಗಿ ಷಿಕಾಗೋದ ರಿಚರ್ಡ್ ಶ್ವೇಡರ್, ಅಳತೆಗೋಲನ್ನೇ ಪ್ರಶ್ನಿಸಿದರು. ಸಂಸ್ಕೃತಿ ಎಂಬುದು ಮನಸ್ಸಿನ ಹೊರಗಿರುವ, ಅದರ ಮೇಲೆ ಪ್ರಭಾವ ಬೀರುವ ಬೇರೊಂದು ವಸ್ತುವಲ್ಲ, ಎರಡೂ ಒಂದನ್ನೊಂದು ಕಟ್ಟುತ್ತವೆ, ಆದ್ದರಿಂದ ಆ ಸಮಾಜದ ಒಳಗಿದ್ದೇ ಅದರ ಅರ್ಥಲೋಕವನ್ನು ತಿಳಿಯಬೇಕು ಎಂಬುದು ಅವರ ವಾದ. ಎರಡು ಬಣಗಳ ನಡುವೆ ಬಿಸಿಯಾದ ಚರ್ಚೆಗಳು ನಡೆದಿವೆ. ಇಂದು ಆ ಗೆರೆ ಬಹಳ ತೆಳುವಾಗಿದೆ, ಒಬ್ಬರೇ ಸಂಶೋಧಕರು ಎರಡೂ ಹಾದಿಗಳಲ್ಲಿ ನಡೆಯುತ್ತಾರೆ.

ಅಳತೆಗೋಲಿನ ತೊಂದರೆ ಏನೆಂಬುದಕ್ಕೆ ಪಶ್ಚಿಮ ಆಫ್ರಿಕದ ಲೈಬೀರಿಯದಿಂದ ಒಂದು ಪ್ರಸಂಗ ಇದೆ. ಮೈಕೆಲ್ ಕೋಲ್ ಮತ್ತು ಸಂಗಡಿಗರು ಅಲ್ಲಿನ ಕ್ಪೆಲ್ಲೆ ಜನರ ಮುಂದೆ ಆಹಾರ ಪದಾರ್ಥ, ಉಪಕರಣ ಮುಂತಾದ ವಸ್ತುಗಳನ್ನಿಟ್ಟು, ಒಟ್ಟಿಗೆ ಸೇರುವವನ್ನು ಸೇರಿಸಿ ಎಂದರು. ಅವರು ಗೆಡ್ಡೆಯ ಜೊತೆ ಚಾಕು ಇಟ್ಟರು, ಏಕೆಂದರೆ ಗೆಡ್ಡೆ ಕತ್ತರಿಸುವುದು ಚಾಕು. ಆಹಾರವೆಲ್ಲ ಒಂದು ಕಡೆ, ಉಪಕರಣವೆಲ್ಲ ಒಂದು ಕಡೆ ಎಂಬ ‘ಸರಿ’ ಉತ್ತರ ಬರಲೇ ಇಲ್ಲ. ಜಾಣನಾದವನು ಹೀಗೆಯೇ ಮಾಡುತ್ತಾನೆ ಎಂದು ಅವರು ವಿವರಿಸಿದರು. ಸೋತ ಸಂಶೋಧಕ ಕೊನೆಗೆ, ಹಾಗಾದರೆ ದಡ್ಡನಾದವನು ಹೇಗೆ ಮಾಡುತ್ತಾನೆ ಎಂದು ಕೇಳಿದ. ಆಗ ಅವರು ಆಹಾರವನ್ನು ಆಹಾರದ ಜೊತೆ, ಉಪಕರಣವನ್ನು ಉಪಕರಣದ ಜೊತೆ ಅಚ್ಚುಕಟ್ಟಾಗಿ ಜೋಡಿಸಿಟ್ಟರು. ಜೋಸೆಫ್ ಗ್ಲಿಕ್ ದಾಖಲಿಸಿದ ಈ ಘಟನೆಯನ್ನು ಬುದ್ಧಿಶಕ್ತಿ ಪರೀಕ್ಷೆಗಳನ್ನು ನಂಬುವ ಪ್ರತಿಯೊಬ್ಬರೂ ತಿಳಿದಿರಬೇಕು. ಸಾಮರ್ಥ್ಯದಲ್ಲಿ ಕೊರತೆಯೇ ಇರಲಿಲ್ಲ. ಜಾಣತನ ಎಂದರೇನು ಎಂಬ ತೀರ್ಮಾನವೇ ಬೇರೆಯಾಗಿತ್ತು.

ಈ ಶಾಸ್ತ್ರದ ಚರಿತ್ರೆಯಲ್ಲಿ ಕನ್ನಡಿಗರು ಹತ್ತಿರದಿಂದ ತಿಳಿಯಬೇಕಾದ ಅಧ್ಯಾಯ ಮೈಸೂರಿನದು. ಜೋನ್ ಮಿಲ್ಲರ್ ಎಂಬ ಅಮೆರಿಕದ ಸಂಶೋಧಕಿ ಮೈಸೂರಿನ ಹಿಂದೂಗಳನ್ನೂ ಷಿಕಾಗೋದ ಅಮೆರಿಕನ್ನರನ್ನೂ ಹೋಲಿಸಿ 1984ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎರಡೂ ಕಡೆ 8, 11 ಮತ್ತು 15 ವರ್ಷದ ಮಕ್ಕಳಿದ್ದರು, ದೊಡ್ಡವರೂ ಇದ್ದರು. ಕೇಳಿದ್ದು ಸರಳವಾದ ಪ್ರಶ್ನೆ: ನಿಮಗೆ ಪರಿಚಯವಿರುವವರು ಮಾಡಿದ ಒಳ್ಳೆಯ ಕೆಲಸ ಹೇಳಿ, ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಎಂದು ವಿವರಿಸಿ.

ಇಲ್ಲಿ ಸಿಕ್ಕ ಒಂದು ನಿರೂಪಣೆ ಹೀಗಿದೆ. ವಕೀಲನೊಬ್ಬ ಮೋಟರ್ ಸೈಕಲ್ಲಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು ನ್ಯಾಯಾಲಯಕ್ಕೆ ಹೋಗುತ್ತಿದ್ದಾಗ ಹಿಂದಿನ ಚಕ್ರ ಸಿಡಿಯಿತು. ಹಿಂದೆ ಕೂತವರು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು, ಪೆಟ್ಟು ಎಷ್ಟು ಗಂಭೀರ ಎಂದು ವೈದ್ಯರನ್ನು ವಿಚಾರಿಸದೆ ತನ್ನ ಮೊಕದ್ದಮೆಗೆ ಹೋದ. ಗಾಯಗೊಂಡವರು ತೀರಿಕೊಂಡರು. ವಕೀಲ ಏಕೆ ಹಾಗೆ ಮಾಡಿದ? ಇದನ್ನೇ ಅಮೆರಿಕನ್ನರ ಮುಂದಿಟ್ಟಾಗ ಅವರಲ್ಲಿ ಹೆಚ್ಚಿನವರು ಅವನ ಸ್ವಭಾವವನ್ನು ಕಾರಣವಾಗಿ ಕೊಟ್ಟರು, ಅವನು ಹೊಣೆಗೇಡಿ ಎಂದರು. ಮೈಸೂರಿನ ಉತ್ತರಗಳು ಬೇರೆ ಕಡೆಗೆ ನೋಡುತ್ತಿದ್ದವು. ಕಕ್ಷಿದಾರನ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವುದು ಅವನ ಕರ್ತವ್ಯವಾಗಿತ್ತು, ಅವನು ಗಾಬರಿಯಾಗಿರಬಹುದು, ಗಾಯಾಳುವಿನ ಸ್ಥಿತಿ ಅಷ್ಟು ಗಂಭೀರವಾಗಿ ಕಂಡಿರಲಿಕ್ಕಿಲ್ಲ.

ಇದರ ಮಹತ್ವ ಅರಿಯಲು ಆಗಿನ ಕಾಲದ ನಂಬಿಕೆ ತಿಳಿದಿರಬೇಕು. ಇತರರ ವರ್ತನೆಗೆ ಅವರ ಸ್ವಭಾವವನ್ನೇ ಕಾರಣ ಮಾಡಿ, ಸಂದರ್ಭವನ್ನು ಕಡೆಗಣಿಸುವುದು ಮನುಷ್ಯನ ಮೂಲಭೂತ ದೋಷ ಎಂದು ಲೀ ರಾಸ್ 1977ರಲ್ಲಿ ಹೆಸರಿಟ್ಟಿದ್ದರು. ಮೂಲಭೂತ ಎಂದರೆ ಎಲ್ಲರಲ್ಲೂ ಇರಬೇಕು. ಮೈಸೂರಿನವರಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಇನ್ನೂ ಬೆಲೆಬಾಳುವ ಅಂಶ ಮಕ್ಕಳದು. ಎಂಟು, ಹನ್ನೊಂದು ವರ್ಷದ ಮೈಸೂರಿನ ಮಕ್ಕಳೂ ಷಿಕಾಗೋದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಉತ್ತರಿಸಿದರು. ವಯಸ್ಸು ಏರಿದಂತೆ ಅಮೆರಿಕನ್ನರು ಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭದ ಕಡೆಗೂ ಸರಿದರು. ಮೈಸೂರಿನ ಆಂಗ್ಲೋ-ಇಂಡಿಯನ್ನರ ಉತ್ತರಗಳು ಈ ಎರಡರ ನಡುವೆ ನಿಂತವು. ಈ ಭೇದ ರಕ್ತದಲ್ಲಿ ಬಂದದ್ದಲ್ಲ, ಬೆಳೆಯುತ್ತಾ ಕಲಿತದ್ದು ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಮಿಲ್ಲರ್ ಮತ್ತೆ ಮೈಸೂರಿಗೆ ಮರಳಿದರು. 1990ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನದ ವಿಷಯ ನೆರವು: ಕಷ್ಟದಲ್ಲಿರುವವರಿಗೆ ಸಹಾಯ ಮಾಡದಿರುವುದು ತಪ್ಪೇ, ಇಲ್ಲವೇ ಅವರವರ ಇಷ್ಟವೇ? ಪ್ರಾಣಾಪಾಯವಿದ್ದಾಗ ಎರಡೂ ದೇಶದವರ ಅಭಿಪ್ರಾಯ ಹತ್ತಿರವಿತ್ತು. ಸ್ನೇಹಿತರ ಇಲ್ಲವೇ ಅಪರಿಚಿತರ ಸಣ್ಣಪುಟ್ಟ ಅಗತ್ಯಗಳಿಗೆ ಬಂದಾಗ ದಾರಿಗಳು ಬೇರೆಯಾದವು. ಅಮೆರಿಕನ್ನರು ಅದನ್ನು ವೈಯಕ್ತಿಕ ಆಯ್ಕೆ ಎಂದರೆ, ಮೈಸೂರಿನವರು ಅಲ್ಲೂ ಧರ್ಮದ ಹೊಣೆ ಕಂಡರು.

ಹೆಮ್ಮೆಪಟ್ಟುಕೊಂಡು ಇಲ್ಲಿಗೇ ನಿಲ್ಲಿಸುವ ಆಸೆಯನ್ನು ನಾವು ತಡೆಯಬೇಕು. ‘ಪೂರ್ವದವರು ಸಮುದಾಯಜೀವಿಗಳು, ಪಶ್ಚಿಮದವರು ಸ್ವಾರ್ಥಿಗಳು’ ಎಂಬ ಸುಲಭ ಸೂತ್ರ ಈ ಶಾಸ್ತ್ರವನ್ನು ಬಹಳ ಕಾಡಿದೆ. ಶ್ವೇಡರ್, ಮನಮೋಹನ ಮಹಾಪಾತ್ರ ಮತ್ತು ಮಿಲ್ಲರ್ 1987ರಲ್ಲಿ ಭುವನೇಶ್ವರದ ದೇವಾಲಯದ ಪರಿಸರದಲ್ಲಿ ಮಾಡಿದ ಅಧ್ಯಯನವನ್ನು ಪ್ರಕಟಿಸಿದಾಗ ಎದ್ದ ವಾದವನ್ನೇ ನೋಡಿ. ವಿಧವೆ ಮೀನು ತಿನ್ನುವುದು ಗಂಭೀರ ಅಪರಾಧ ಎಂದು ಅಲ್ಲಿನವರು ಹೇಳಿದ್ದರು. ನೈತಿಕತೆಯೇ ಬೇರೆ ಎಂದು ಶ್ವೇಡರ್ ಅರ್ಥೈಸಿದರು. ಎಲಿಯಟ್ ಟ್ಯೂರಿಯಲ್ ಮತ್ತು ಸಂಗಡಿಗರು ಒಪ್ಪಲಿಲ್ಲ. ಸತ್ತ ಗಂಡನ ಆತ್ಮಕ್ಕೆ ನೋವಾಗುತ್ತದೆ ಎಂದು ನಂಬಿದವರು ಅದನ್ನು ತಪ್ಪೆನ್ನುತ್ತಾರೆ, ಇನ್ನೊಬ್ಬರಿಗೆ ನೋವು ಮಾಡಬಾರದೆಂಬ ನೀತಿ ಅಮೆರಿಕದಲ್ಲೂ ಇದೆ, ಭೇದ ಇರುವುದು ಲೋಕದ ಬಗೆಗಿನ ನಂಬಿಕೆಯಲ್ಲಿ ಎಂಬುದು ಅವರ ಉತ್ತರ. ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ. ಆದರೆ ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ಆ ವಿಧವೆ ಏನೆನ್ನುತ್ತಾಳೆ? ಸಂಸ್ಕೃತಿಯ ದನಿ ಎಂದು ದಾಖಲಾಗುವುದು ಅನೇಕ ಸಲ ಅದರಲ್ಲಿ ಬಲವುಳ್ಳವರ ದನಿ. ಒಂದು ಊರಿನ ಒಂದು ಜಾತಿಯ ಉತ್ತರವನ್ನು ‘ಭಾರತೀಯ ಮನಸ್ಸು’ ಎಂದು ಕರೆಯುವಾಗ ಎಚ್ಚರ ಬೇಕು.

ಭಾರತದೊಳಗಿನಿಂದಲೇ ಈ ಎಚ್ಚರವನ್ನು ಮೂಡಿಸಿದವರಲ್ಲಿ ಅಲಹಾಬಾದಿನ ದುರ್ಗಾನಂದ ಸಿನ್ಹಾ ಮುಖ್ಯರು. ಐಎಸಿಸಿಪಿಯ ಅಧ್ಯಕ್ಷರೂ ಆಗಿದ್ದ ಅವರು, ಪಶ್ಚಿಮದಿಂದ ಪರೀಕ್ಷೆಗಳನ್ನು ತಂದು ಇಲ್ಲಿನವರ ಮೇಲೆ ಹೇರುವುದನ್ನು ಬಿಟ್ಟು ಇಲ್ಲಿನ ಬದುಕಿನಿಂದಲೇ ಪ್ರಶ್ನೆಗಳು ಹುಟ್ಟಬೇಕೆಂದು ಪಟ್ಟು ಹಿಡಿದರು. ದೇಶದ ಮನೋವಿಜ್ಞಾನಿಗಳ ರಾಷ್ಟ್ರೀಯ ಅಕಾಡೆಮಿ 1989ರಲ್ಲಿ ರೂಪುಗೊಂಡಿತು. ಕರ್ನಾಟಕದ ಮಟ್ಟಿಗೆ ಬೇರು ಇನ್ನೂ ಹಳೆಯದು. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ. ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ‘ಆಕಾಶವಾಣಿ’ ಹೆಸರನ್ನು ಬಳಕೆಗೆ ತಂದವರೂ ಅವರೇ.

ಇಷ್ಟು ಹಳೆಯ ಬೇರಿದ್ದರೂ ಮೈಸೂರಿನವರ ಆ ಉತ್ತರಗಳು ಹೆಚ್ಚಾಗಿ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಉಳಿದಿವೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ ಬರವಿಲ್ಲ. ಸೋದರಮಾವನ ಆಸ್ತಿ ಅಳಿಯನಿಗೆ ಹೋಗುತ್ತಿದ್ದ ಅಳಿಯಸಂತಾನದ ಮನೆಗಳಲ್ಲಿ ಬೆಳೆದ ಕರಾವಳಿಯ ಹಿರಿಯರು, ಯಾರ ಋಣ ದೊಡ್ಡದು ಎಂಬುದಕ್ಕೆ ಬಯಲುಸೀಮೆಯವರಂತೆಯೇ ಉತ್ತರಿಸುತ್ತಾರೆಯೇ? ಮಲೆನಾಡಿನ ಒಂಟಿಮನೆಯಲ್ಲಿ ಬೆಳೆದ ಮಗು ಮತ್ತು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗು ಅಪರಿಚಿತರ ಬಗ್ಗೆ ಏನು ಕಲಿಯುತ್ತವೆ? ಮನೋವಿಜ್ಞಾನದಲ್ಲಿ ಎಂ.ಎ., ಪಿಎಚ್‌.ಡಿ. ಮಾಡುತ್ತಿರುವವರು ಇಂಥ ಪ್ರಶ್ನೆಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ ರಚಿಸಿ ಕೇಳಬಹುದು. ಆಮದು ಪ್ರಶ್ನಾವಳಿಯನ್ನು ಬಳಸಲೇಬೇಕಾದರೆ, ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸುವ ಕ್ರಮವಿದೆ. ರಿಚರ್ಡ್ ಬ್ರಿಸ್ಲಿನ್ ಅದನ್ನು ವಿವರಿಸಿದ್ದು ‘ಜರ್ನಲ್ ಆಫ್ ಕ್ರಾಸ್-ಕಲ್ಚರಲ್ ಸೈಕಾಲಜಿ’ಯ ಮೊದಲ ಸಂಪುಟದಲ್ಲೇ. ಈ ಕ್ಷೇತ್ರದ ಪಿಎಚ್‌.ಡಿ. ಪ್ರಬಂಧಗಳಿಗಾಗಿ ಸಂಘವು ಹ್ಯಾರಿ ಮತ್ತು ಪೋಲಾ ಟ್ರಿಯಾಂಡಿಸ್ ಹೆಸರಿನ ಪ್ರಶಸ್ತಿಯನ್ನೂ ಕೊಡುತ್ತದೆ.