ಡಾಕ್ಟರೂ ಅಲ್ಲ, ಡ್ರಾಯಿಂಗ್ ಮೇಷ್ಟ್ರೂ ಅಲ್ಲ: ಆರ್ಟ್ ಥೆರಪಿಸ್ಟ್ ಕೈಗೆ ಗೊಂಬೆ ಬಂದ ಕತೆ

ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರು 'ಏನ್ ಕೆಲಸ ಮಾಡ್ತೀರಾ?' ಅಂತ ಕೇಳಿದರೆ ಆರ್ಟ್ ಥೆರಪಿಸ್ಟ್ ಪಾಡು ಕಷ್ಟ. ಡ್ರಾಯಿಂಗ್ ಟೀಚರಾ? ಅಲ್ಲ. ಮನಸ್ಸಿನ ಡಾಕ್ಟರಾ? ಅದೂ ಅಲ್ಲ. ಹಾಗಾದ್ರೆ ಪೇಷೆಂಟ್‌ಗಳ ಹತ್ರ ಸುಮ್ನೆ ಚಿತ್ರ ಬರೆಸ್ತೀರಾ? ಚಿತ್ರ, ಮಣ್ಣಿನ ಕೆಲಸ ಮಾಡಿಸುತ್ತಾ ಮನಸ್ಸಿನ ನೋವಿಗೆ ಆಸರೆಯಾಗುವ ಕೆಲಸ ಅಂತ ವಿವರಿಸಿ ಮುಗಿಸುವಷ್ಟರಲ್ಲಿ ಪಾಯಸ ಬಂದಿರುತ್ತದೆ.

ಈ ಗೊಂದಲ ಪಕ್ಕದವರದ್ದು ಮಾತ್ರ ಅಲ್ಲ. ವೃತ್ತಿಯೊಳಗೇ ಎಂಬತ್ತು ವರ್ಷದಿಂದ ಇದೇ ಜಗ್ಗಾಟ ನಡೆದಿದೆ.

'ಆರ್ಟ್ ಥೆರಪಿ' ಅನ್ನೋ ಹೆಸರು ಇಟ್ಟವನು ಡಾಕ್ಟರ್ ಅಲ್ಲ, ಒಬ್ಬ ರೋಗಿ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಮೊದಲ ಮಹಾಯುದ್ಧದಲ್ಲಿ ಕಂದಕಗಳ ಚಿತ್ರ ಬರೆದವನು. 1938ರಲ್ಲಿ ಕ್ಷಯ ಬಂದು ಸಸೆಕ್ಸ್‌ನ ಮಿಡ್‌ಹರ್ಸ್ಟ್ ಸ್ಯಾನಟೋರಿಯಂ ಸೇರಿದ. ಆಗ ಕ್ಷಯ ವಾಸಿ ಮಾಡುವ ಸ್ಟ್ರೆಪ್ಟೋಮೈಸಿನ್ ಇನ್ನೂ ಬಂದಿರಲಿಲ್ಲ. ತಿಂಗಳುಗಟ್ಟಲೆ ಮಲಗಿರುವುದೇ ಔಷಧಿ. ಮಲಗಿದಲ್ಲೇ ಹಿಲ್ ಕೈಗೆಟುಕಿದ್ದನ್ನೆಲ್ಲ ಬರೆಯತೊಡಗಿದ, ಅಕ್ಕಪಕ್ಕದವರಿಗೂ ಪೆನ್ಸಿಲ್ ಹಿಡಿಸಿದ. 1942ರಲ್ಲಿ ಈ ಕೆಲಸಕ್ಕೆ ಹೆಸರಿಟ್ಟ.

1946ರಲ್ಲಿ ಸರೆ ಜಿಲ್ಲೆಯ ನೆದರ್ನ್ ಮಾನಸಿಕ ಆಸ್ಪತ್ರೆ ಎಡ್ವರ್ಡ್ ಆಡಮ್ಸನ್ ಅನ್ನೋ ಕಲಾವಿದನನ್ನು ನೇಮಿಸಿಕೊಂಡಿತು. ಸ್ಟುಡಿಯೋ ಕೊಟ್ಟರು, ಬಣ್ಣ ಕೊಟ್ಟರು. ಜೊತೆಗೊಂದು ಷರತ್ತು: ರೋಗಿಗಳಿಗೆ ಏನೂ ಕಲಿಸಬಾರದು, ಚಿತ್ರದ ಅರ್ಥವನ್ನೂ ಹೇಳಬಾರದು. ಮೇಷ್ಟ್ರ ಕೆಲಸವೂ ಇಲ್ಲ, ಡಾಕ್ಟರ ಕೆಲಸವೂ ಇಲ್ಲ. ಸುಮ್ಮನೆ ಜೊತೆಗಿರಬೇಕು, ಅಷ್ಟೇ. ಅದೂ ಒಂದು ಕೆಲಸವೇ ಅಂತ ನಂಬಿಸಲು ಬ್ರಿಟನ್‌ಗೆ ಬಹಳ ಕಾಲ ಹಿಡಿಯಿತು. 1964ರಲ್ಲಿ ಅಲ್ಲಿನ ಆರ್ಟ್ ಥೆರಪಿಸ್ಟ್‌ಗಳು ಸಂಘ ಕಟ್ಟಿದರು. 1982ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇವರಿಗೆ ಪ್ರತ್ಯೇಕ ಶ್ರೇಣಿ ಸಿಕ್ಕಿತು. ಕಾನೂನಿನ ನೋಂದಣಿ ಬಂದದ್ದು 1997ರಲ್ಲಿ. ಈಗ ಅಲ್ಲಿ ಬೇಕಾದವರೆಲ್ಲ ಆರ್ಟ್ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳುವಂತಿಲ್ಲ.

ಅಮೆರಿಕದಲ್ಲಿ ಜಗಳ ಬೇರೆ ಥರ. ಅಲ್ಲಿ ಆರ್ಟ್ ಥೆರಪಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮಾರ್ಗರೆಟ್ ನಾಮ್‌ಬರ್ಗ್ ಮನೋವಿಶ್ಲೇಷಣೆಯ ಫ್ರಾಯ್ಡ್ ಹಾದಿಯವರು. ಚಿತ್ರ ಅಂದರೆ ಒಳಮನಸ್ಸಿನ ಮಾತು, ಅದನ್ನು ಹಿಡಿದು ರೋಗಿಯ ಜೊತೆ ಮಾತಾಡಬೇಕು ಅಂದರು. ಇನ್ನೊಬ್ಬ ಆರ್ಟ್ ಥೆರಪಿಸ್ಟ್ ಈಡಿತ್ ಕ್ರಾಮರ್ ಒಪ್ಪಲಿಲ್ಲ. ಚಿತ್ರ ಮಾಡುವುದರಲ್ಲೇ ವಾಸಿಯಾಗುವ ಶಕ್ತಿ ಇದೆ, ಮಾತು ಆಮೇಲೆ ಅಂದರು.

ಕ್ರಾಮರ್ ಮಾತಿನ ಹಿಂದೆ ದೊಡ್ಡ ಕತೆ ಇದೆ. ಆಕೆ ಹುಟ್ಟಿದ್ದು ವಿಯೆನ್ನಾದಲ್ಲಿ. ಗುರು ಯಹೂದಿ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಗುರು-ಶಿಷ್ಯೆ ಇಬ್ಬರೂ ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಚಿತ್ರ ಹೇಳಿಕೊಟ್ಟರು. 1938ರಲ್ಲಿ ಕ್ರಾಮರ್ ನ್ಯೂಯಾರ್ಕಿಗೆ ಪಾರಾದರು. ಗುರು ಹೋಗಲಿಲ್ಲ. ನಾಜಿಗಳು ಆಕೆಯನ್ನು ಟೆರೆಜಿನ್ ಶಿಬಿರಕ್ಕೆ ತಳ್ಳಿದರು. ಅಲ್ಲೂ ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸಿದರು. 1944ರಲ್ಲಿ ಆಶ್ವಿಟ್ಜ್‌ನಲ್ಲಿ ಆಕೆಯನ್ನು ಕೊಂದರು. ಹಿಂದೆ ಉಳಿದದ್ದು ಎರಡು ಸೂಟ್‌ಕೇಸ್, ಅದರಲ್ಲಿ ಮಕ್ಕಳ ಸುಮಾರು 4,500 ಚಿತ್ರ. ಇಂಥ ಗುರುವಿನ ಶಿಷ್ಯೆಗೆ 'ಕಲೆ ಬರೀ ರೋಗ ಪತ್ತೆಯ ಸಾಧನ' ಅಂದರೆ ಹೇಗೆ ಸರಿ ಹೋದೀತು?

ಥೆರಪಿಸ್ಟ್ ಅಂದರೆ 'ಮೂರನೇ ಕೈ' ಅಂತ ಕ್ರಾಮರ್ ಹೇಳುತ್ತಿದ್ದರು. ಮಗುವಿನ ಮಣ್ಣಿನ ಕುದುರೆ ಕುಸಿಯುವ ಮುಂಚೆ ಒಂದು ಆಸರೆ ಕೊಡುವ ಕೈ. ಕುದುರೆ ಮಾತ್ರ ಮಗುವಿನದ್ದೇ. ಅಂಥ ಆಸರೆ ಕೊಡಬೇಕಾದರೆ ಥೆರಪಿಸ್ಟ್ ಕೈಗೂ ಮಣ್ಣಿನ ಪಳಗು ಬೇಕು, ಅಲ್ವಾ?

ಆ ಪಳಗೇ ಕಳೆದುಹೋಗತೊಡಗಿತು. 1969ರಲ್ಲಿ ಅಮೆರಿಕದ ಆರ್ಟ್ ಥೆರಪಿ ಸಂಘ ಹುಟ್ಟಿತು. ಆಸ್ಪತ್ರೆಗಳಲ್ಲಿ ಫೈಲು, ಮೀಟಿಂಗು, ವರದಿ ಜಾಸ್ತಿಯಾದವು. 1992ರಲ್ಲಿ ಅಲ್ಲಿನ ಆರ್ಟ್ ಥೆರಪಿಸ್ಟ್ ಪ್ಯಾಟ್ ಆಲನ್ ಇದಕ್ಕೊಂದು ಕುಟುಕುವ ಹೆಸರಿಟ್ಟರು: 'ಕ್ಲಿನಿಫಿಕೇಷನ್'. ಅಂದರೆ ಆರ್ಟ್ ಥೆರಪಿಸ್ಟ್ ಮೆಲ್ಲಗೆ ಉಳಿದ ಥೆರಪಿಸ್ಟ್‌ಗಳ ಹಾಗೇ ಆಗುತ್ತಾ ಹೋಗಿ, ಕೊನೆಗೆ ತಾನು ಚಿತ್ರ ಬರೆಯುವುದನ್ನೇ ಬಿಟ್ಟುಬಿಡುವುದು. ನನಗೆ ಇದು ಈ ವೃತ್ತಿಯ ಬಗ್ಗೆ ಬಂದಿರುವ ಅತ್ಯಂತ ನಿಷ್ಠುರ ಮಾತು ಅನ್ನಿಸುತ್ತದೆ. ಬ್ರಷ್ ಒಣಗಿದವರು ಬೇರೆಯವರ ಕೈಗೆ ಬ್ರಷ್ ಕೊಡುತ್ತಿದ್ದಾರೆ.

ಗೊಂಬೆ ಬರುವುದು ಇಲ್ಲಿ. ರೋಗಿಗೆ ಏನು ಮಾಡಿಸುತ್ತೀವೋ ಅದನ್ನು ನಾವೇ ಮಾಡಿ ನೋಡೋಣ, ನಾವು ಯಾರು ಅಂತ ಕೈಯಲ್ಲೇ ಹುಡುಕೋಣ ಅನ್ನುವ ದಾರಿ ಇದು. ಡೆಟ್ರಾಯ್ಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಡೆಬೊರಾ ಫೀನ್-ಕ್ಯಾಲಿಗನ್ ಈ ವೃತ್ತಿಯ ಗುರುತಿನ ಬಗ್ಗೆ ಬಹಳ ಬರೆದವರು. 2009ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಗೊಂಬೆಯ ಬಗ್ಗೆಯೇ ಬರೆದರು. ಸಾವಿನ ದುಃಖ, ಗುರುತು, ಸಮುದಾಯ ಸೇವೆ ಮೂರರಲ್ಲೂ ಗೊಂಬೆಗೆ ಏನು ಕೆಲಸ ಅನ್ನುವುದು ಅವರ ವಿಷಯ.

ಚಿತ್ರ ಬಿಟ್ಟು ಗೊಂಬೆಯೇ ಯಾಕೆ? ಗೊಂಬೆಗೆ ಮೈ ಇದೆ. ಚಿತ್ರವನ್ನು ಗೋಡೆಗೆ ನೇತುಹಾಕಿ ದೂರ ನಿಲ್ಲಬಹುದು. ಗೊಂಬೆ ಮಡಿಲಲ್ಲಿ ಕೂರುತ್ತದೆ. ನಮ್ಮ ಹಳೇ ಮೈಸೂರು ಕಡೆ ಹೆಣ್ಣಿಗೆ ಮದುವೆಯಲ್ಲಿ ತವರಿನಿಂದ ಪಟ್ಟದ ಗೊಂಬೆ ಕೊಡುವುದೂ ಇಂಥದ್ದೇ ಏನೋ. ಹೊಸ ಪಾತ್ರಕ್ಕೆ ಕಾಲಿಡುವವಳ ಕೈಗೆ ಆ ಪಾತ್ರವನ್ನೇ ಮರದಲ್ಲಿ ಕೆತ್ತಿ ಕೊಟ್ಟ ಹಾಗೆ.

ನಾನೂ ಒಂದು ಹೊಲಿದು ನೋಡಿದೆ. ಹಳೇ ಕಾಟನ್ ಸೀರೆ, ಹತ್ತಿ, ಸೂಜಿ-ದಾರ. ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿಯಬೇಕು. ಪಕ್ಕೆಯಲ್ಲಿ ಎರಡು ಬೆರಳಷ್ಟು ಸಂದಿ ಬಿಡಬೇಕು. ಆಮೇಲೆ ಆ ಸಂದಿಯಿಂದಲೇ ಇಡೀ ಮೈಯನ್ನು ಎಳೆದು ತಿರುವಬೇಕು. ಕೈಬೆರಳು, ಪಾದದ ತುದಿಗೆ ಪೆನ್ಸಿಲ್ ತೂರಿಸಿ ಹತ್ತಿ ತುಂಬಬೇಕು. ತಲೆ ಗಟ್ಟಿ ಬಂತು, ಹೊಟ್ಟೆಯೂ ಬಂತು. ಎರಡನ್ನೂ ಸೇರಿಸುವ ಕತ್ತಿಗೆ ಹತ್ತಿ ಸಾಲದೆ ಗೊಂಬೆ ತಲೆ ವಾಲಿಸಿಕೊಂಡು ಕೂತಿತು. ತುಂಬಿದ್ದನ್ನೆಲ್ಲ ತೆಗೆದು ಕತ್ತಿನಿಂದ ಮತ್ತೆ ಶುರು ಮಾಡಿದೆ. ತಲೆಯ ಕೆಲಸ, ಕೈಯ ಕೆಲಸ ಎರಡನ್ನೂ ಒಂದೇ ಮೈಯಲ್ಲಿ ನಿಲ್ಲಿಸಬೇಕಾದವರಿಗೆ ಈ ಕತ್ತಿನ ತಾಪತ್ರಯ ಚೆನ್ನಾಗಿ ಗೊತ್ತಿರಬೇಕು.

ಆಮೇಲೆ ಮುಖ. ಕಣ್ಣು ಸುಲಭ, ಎರಡು ಗಂಟು ಹಾಕಿದರೆ ಆಯಿತು. ಬಾಯಿಯಲ್ಲಿ ತಡವರಿಸುತ್ತೀವಿ. ನಗುವ ಬಾಯಿ ಇಟ್ಟರೆ ಸುಳ್ಳು ಅನ್ನಿಸುತ್ತದೆ. ಮುಚ್ಚಿದ ಬಾಯಿ ಇಟ್ಟರೆ ನೆದರ್ನ್‌ನ ಆಡಮ್ಸನ್ ನೆನಪಾಗುತ್ತಾನೆ. ತೆರೆದ ಬಾಯಿ ಇಟ್ಟರೆ ನಾಮ್‌ಬರ್ಗ್ ಗೆದ್ದ ಹಾಗೆ. ನಾನು ಕೆಂಪು ದಾರ ಪೋಣಿಸಿ, ಸೂಜಿಯನ್ನು ಗೊಂಬೆಯ ಕೆನ್ನೆಗೆ ಚುಚ್ಚಿಟ್ಟು ಎದ್ದೆ.