ತೋಪಿನೊಳಗೆ ಬೈಕ್ ತಿರುಗುತ್ತಿಲ್ಲ, ಸಸ್ಪೆನ್ಷನ್ ಗಟ್ಟಿ ಮಾಡಿಸಲಾ?

ಪ್ರಶ್ನೆ: ಸರ್, ನನ್ನ ಹತ್ರ ಎಕ್ಸ್‌ಪಲ್ಸ್ 200 ಇದೆ. ನೀಲಗಿರಿ ತೋಪಿನಲ್ಲಿ ಮರಗಳ ಸಂದಿಯಲ್ಲಿ ತಿರುಗಿಸೋಕೆ ಆಗ್ತಿಲ್ಲ. ಮುಂದಿನ ಚಕ್ರ ಹೊರಗಡೆಗೇ ಎಳೆಯುತ್ತೆ. ಹಿಂದಿನ ಸಸ್ಪೆನ್ಷನ್ ಫುಲ್ ಗಟ್ಟಿ ಮಾಡಿಸಿ ಅಂತ ಫ್ರೆಂಡ್ಸ್ ಹೇಳ್ತಿದ್ದಾರೆ. ಮಾಡಿಸಲಾ?

ಈ ಪ್ರಶ್ನೆ ಹುಣಸೂರಿನಿಂದಲೂ ಬರುತ್ತದೆ, ಮದ್ದೂರಿನಿಂದಲೂ ಬರುತ್ತದೆ. ಬೈಕ್ ಮಾತ್ರ ಬೇರೆ. ಒಬ್ಬರದ್ದು ಹಳೇ ಇಂಪಲ್ಸ್, ಇನ್ನೊಬ್ಬರದ್ದು ಹಿಮಾಲಯನ್. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲಂತೂ ಜಾಸ್ತಿ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಮೊದಲ ಮಾತು. ಹಿಂದಿನ ಶಾಕ್‌ನ ರಿಂಗ್ ಎಷ್ಟು ತಿರುಗಿಸಿದರೂ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಮೈಸೂರು ಸೀಮೆಯಲ್ಲಿ ಮಣ್ಣಿಗೆ ಬೈಕ್ ಇಳಿಸುವ ಹುಡುಗರಲ್ಲಿ, ತಿರುಗಿಸಿದರೆ ಗಟ್ಟಿಯಾಗುತ್ತದೆ ಅನ್ನುವುದರಷ್ಟು ಬೇರು ಬಿಟ್ಟಿರುವ ತಪ್ಪು ನಂಬಿಕೆ ಇನ್ನೊಂದಿಲ್ಲ.

ಸಿ ಆಕಾರದ ಸ್ಪ್ಯಾನರ್ ಹಾಕಿ ತಿರುಗಿಸುವ ಆ ರಿಂಗ್ ಮಾಡುವ ಕೆಲಸ ಪ್ರಿಲೋಡ್. ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿ ಇಡುವುದು, ಅಷ್ಟೇ. ಲೆಕ್ಕ ನೋಡೋಣ. 1 ಸೆಂ.ಮೀ. ಅದುಮಲು 50 ಕೆ.ಜಿ. ಭಾರ ಬೇಕಾಗುವ ಸ್ಪ್ರಿಂಗ್ ಅಂತ ಇಟ್ಟುಕೊಳ್ಳಿ. 2 ಸೆಂ.ಮೀ.ಗೆ 100 ಕೆ.ಜಿ., 3 ಸೆಂ.ಮೀ.ಗೆ 150 ಕೆ.ಜಿ. ಈಗ ಅದರ ಮೇಲೆ 150 ಕೆ.ಜಿ. ಹೇರಿ. ಶಾಕ್ 3 ಸೆಂ.ಮೀ. ಇಳಿಯುತ್ತದೆ. ಭಾರ ತೆಗೆದು, ರಿಂಗ್ ತಿರುಗಿಸಿ ಸ್ಪ್ರಿಂಗನ್ನು 1 ಸೆಂ.ಮೀ. ಅದುಮಿಟ್ಟು, ಮತ್ತೆ ಅದೇ 150 ಹೇರಿ. ಸ್ಪ್ರಿಂಗ್ ಒಟ್ಟು ಕುಗ್ಗುವುದು ಈಗಲೂ 3 ಸೆಂ.ಮೀ. ಆದರೆ ಅದರಲ್ಲಿ 1 ಸೆಂ.ಮೀ.ಯನ್ನು ರಿಂಗ್ ಮುಂಚೆಯೇ ತಿಂದಿದೆ. ಶಾಕ್ ಇಳಿಯುವುದು 2 ಮಾತ್ರ. ಬೈಕ್ ಸ್ವಲ್ಪ ಎತ್ತರಕ್ಕೆ ಕೂತಿತು. ಅಲ್ಲಿಂದ ಮುಂದೆ ಕಲ್ಲೋ ಬೇರೋ ಸಿಕ್ಕಿ ಇನ್ನೊಂದು ಸೆಂ.ಮೀ. ಕುಗ್ಗಬೇಕಾದರೆ ಎಷ್ಟು ಬಲ ಬೇಕು? ಎರಡೂ ಸಲ ಅದೇ 50 ಕೆ.ಜಿ. ಬೈಕಿನಲ್ಲಿ ಚಕ್ರಕ್ಕೂ ಶಾಕ್‌ಗೂ ನಡುವೆ ಲಿಂಕೇಜ್ (ಬಲ ದಾಟಿಸುವ ಸನ್ನೆ ತುಂಡುಗಳು) ಇರುವುದರಿಂದ ಅಂಕಿಗಳು ಬೇರೆ ಬರುತ್ತವೆ, ತತ್ವ ಬದಲಾಗುವುದಿಲ್ಲ.

ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತು ಎಷ್ಟಿವೆ ಅನ್ನುವುದರ ಮೇಲೆ ಫ್ಯಾಕ್ಟರಿಯಲ್ಲೇ ತೀರ್ಮಾನ ಆಗಿರುತ್ತದೆ. ರಿಂಗ್ ತಿರುಗಿಸಿದರೆ ತಂತಿ ದಪ್ಪ ಆಗುತ್ತಾ? ಇಲ್ಲ ಅಲ್ವಾ?

"ಆದ್ರೆ ಸರ್, ಸೀಟ್ ಮೇಲೆ ಕೈ ಒತ್ತಿ ನೋಡಿದ್ರೆ ಗಟ್ಟಿ ಅನ್ಸುತ್ತಲ್ಲ?" ಈ ಮಾತು ಬಂದೇ ಬರುತ್ತದೆ. ಅನಿಸುತ್ತದೆ, ನಿಜ. ರಿಂಗ್ ಪೂರ್ತಿ ಬಿಗಿದರೆ, ಮೇಲೆ ಯಾರೂ ಕೂರದಿದ್ದಾಗ ಶಾಕ್ ತುದಿಯವರೆಗೆ ಚಾಚಿಕೊಂಡು ನಿಲ್ಲುತ್ತದೆ. ನಿಮ್ಮ ಕೈ ಮೊದಲು ಆ ಅದುಮಿಟ್ಟ ಬಲವನ್ನು ಗೆಲ್ಲಬೇಕು. ಅಲ್ಲಿಯವರೆಗೆ ಸೀಟ್ ಅಲ್ಲಾಡುವುದೇ ಇಲ್ಲ. ಗ್ಯಾರೇಜ್ ಮುಂದೆ ನಿಂತು ಮಾಡುವ ಪರೀಕ್ಷೆ ಇದೊಂದೇ ಆದ್ದರಿಂದ ನಂಬಿಕೆ ಸಾಯುತ್ತಿಲ್ಲ. ಇನ್ನೊಂದು ಕಾರಣವೂ ಇದೆ. ಬೈಕ್ ಎತ್ತರಕ್ಕೆ ಕೂತಾಗ ಕೆಳಗೆ ಬಡಿಯುವುದಕ್ಕೆ ಮೊದಲು ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಹಂಪ್ ಹಾರಿಸಿದಾಗ ದಡ್ ಅನ್ನುವುದು ಕಡಿಮೆಯಾಗುತ್ತದೆ. "ನೋಡಿ, ಗಟ್ಟಿ ಆಯ್ತು" ಅಂತ ಸಮಾಧಾನ.

ಆ ಜಾಗ ಬಂದಿದ್ದು ಎಲ್ಲಿಂದ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಚಕ್ರ ಕೆಳಕ್ಕೆ ಇಳಿಯಬೇಕಾದ ಜಾಗದಿಂದ ಬಂದಿದೆ. ಸಸ್ಪೆನ್ಷನ್‌ಗೆ ಎರಡು ಕೆಲಸ. ಉಬ್ಬು ಬಂದಾಗ ಚಕ್ರ ಮೇಲಕ್ಕೆ ಹೋಗಬೇಕು, ತಗ್ಗು ಬಂದಾಗ ಕೆಳಕ್ಕೆ ಇಳಿಯಬೇಕು. ತೋಪಿನೊಳಗೆ ನೀವು ಹೋಗುವುದು ಗಂಟೆಗೆ 15-20 ಕಿ.ಮೀ. ವೇಗದಲ್ಲಿ. ಅಲ್ಲಿ ಹಾರಾಟ ಇಲ್ಲ. ಬೇರು, ಬೊಡ್ಡೆ, ಕಲ್ಲು, ಅದರ ಹಿಂದೆ ಒಂದು ಗುಂಡಿ. ಹಿಂದಿನ ಚಕ್ರ ಬೇರು ಹತ್ತಿದ ಕೂಡಲೇ ಆ ಗುಂಡಿಗೆ ಇಳಿದು ಮಣ್ಣು ಕಚ್ಚಬೇಕು. ಪ್ರಿಲೋಡ್ ಪೂರ್ತಿ ಬಿಗಿದಿದ್ದರೆ ಇಳಿಯಲು ಜಾಗವೇ ಇರುವುದಿಲ್ಲ. ಚಕ್ರ ಗಾಳಿಯಲ್ಲಿ ಸುತ್ತುತ್ತದೆ. ಆಮೇಲೆ ನೆಲಕ್ಕೆ ತಾಗಿದಾಗ ಒಮ್ಮೆಲೇ ಎಗರಿ ಬಾಲ ಪಕ್ಕಕ್ಕೆ ಹೋಗುತ್ತದೆ. "ಟೈರ್‌ಗೆ ಗ್ರಿಪ್ ಇಲ್ಲ" ಅಂತ ಹೊಸ ಟೈರ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಟೈರ್ ಚೆನ್ನಾಗಿಯೇ ಇತ್ತು.

ಹಾಗಾದರೆ ಏನು ಮಾಡಬೇಕು? ಅಳೆಯಬೇಕು. ಒಂದು ಟೇಪು, ಒಬ್ಬ ಸ್ನೇಹಿತ, ಹತ್ತು ನಿಮಿಷ ಸಾಕು.

ಬೈಕಿನ ಹೊಟ್ಟೆ ಕೆಳಗೆ ಸ್ಟ್ಯಾಂಡೋ ಮರದ ದಿಮ್ಮಿಯೋ ಕೊಟ್ಟು ಹಿಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಆಕ್ಸಲ್‌ನ ನಟ್ಟಿನ ನಡುವಿನಿಂದ ನೇರ ಮೇಲೆ, ಹಿಂದಿನ ಪ್ಯಾನೆಲ್ ಮೇಲೆ, ಒಂದು ಚೂರು ಇನ್ಸುಲೇಷನ್ ಟೇಪ್ ಅಂಟಿಸಿ. ಅಲ್ಲಿಗೆ ಎಷ್ಟು ಮಿಲಿಮೀಟರ್ ಅಂತ ಬರೆದುಕೊಳ್ಳಿ. ಉದಾಹರಣೆಗೆ 560. ಈಗ ಬೈಕ್ ಕೆಳಗಿಳಿಸಿ, ಒಮ್ಮೆ ಅದುಮಿ ಬಿಟ್ಟು, ಯಾರೂ ಕೂರದೆ ನೇರ ಹಿಡಿದು ಅಳೆಯಿರಿ. 542 ಬಂತು ಅಂದರೆ ಬೈಕ್ ತನ್ನ ತೂಕಕ್ಕೇ 18 ಮಿ.ಮೀ. ಕುಸಿದಿದೆ. ಕೊನೆಗೆ ನೀವು ಹೆಲ್ಮೆಟ್, ಬೂಟು, ನೀರಿನ ಬ್ಯಾಗ್ ಸಮೇತ ಕೂತು, ಸ್ನೇಹಿತನಿಗೆ ಅಳೆಯಲು ಹೇಳಿ. 505 ಬಂದರೆ ಒಟ್ಟು ಕುಸಿತ 55. ಈ ಕುಸಿತಕ್ಕೆ ಸ್ಯಾಗ್ ಅನ್ನುತ್ತಾರೆ.

ಚಕ್ರ ಮೇಲೆ ಕೆಳಗೆ ಓಡಾಡಬಲ್ಲ ಒಟ್ಟು ದೂರಕ್ಕೆ ಟ್ರಾವೆಲ್ ಅನ್ನುತ್ತಾರೆ. ಸವಾರ ಕೂತಾಗ ಒಟ್ಟು ಟ್ರಾವೆಲ್‌ನ ಸುಮಾರು ಮೂರನೇ ಒಂದು ಭಾಗ ಕುಸಿಯಬೇಕು. ಸ್ಟಾಕ್ ಎಕ್ಸ್‌ಪಲ್ಸ್ 200ರಲ್ಲಿ ಹಿಂದಿನ ಚಕ್ರದ ಟ್ರಾವೆಲ್ 170 ಮಿ.ಮೀ. ಹಾಗಾಗಿ 50ರಿಂದ 57 ಒಳಗೆ ಬಂದರೆ ಸರಿ. ರ‍್ಯಾಲಿ ಕಿಟ್ (ಹೆಚ್ಚು ಟ್ರಾವೆಲ್ ಇರುವ ಸಸ್ಪೆನ್ಷನ್ ಸೆಟ್) ಹಾಕಿದವರಿಗೆ ಹಿಂದೆ 220 ಇದೆ, ಅವರಿಗೆ 70ರ ಆಸುಪಾಸು. ಜಾಸ್ತಿ ಕುಸಿದರೆ ರಿಂಗ್ ಬಿಗಿಯಿರಿ, ಕಡಿಮೆ ಕುಸಿದರೆ ಸಡಿಲಿಸಿ.

ಇಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ, ಎಲ್ಲರಿಗೂ ಉಲ್ಟಾ ಅನಿಸುವಂಥದ್ದು. ನೀವು ಕೂತಾಗಿನ ಕುಸಿತವನ್ನು 55ಕ್ಕೆ ತಂದಿರಿ. ಈಗ ಇಳಿದು, ಖಾಲಿ ಬೈಕಿನ ಕುಸಿತ ಮತ್ತೆ ಅಳೆಯಿರಿ. ಅದು ಹೆಚ್ಚೂಕಡಿಮೆ 15-20 ಇರಬೇಕು. ಸೊನ್ನೆಯ ಹತ್ತಿರ ಬಂದು ಬೈಕ್ ಸೆಟೆದು ನಿಂತಿದ್ದರೆ, "ಸ್ಪ್ರಿಂಗ್ ತುಂಬ ಗಟ್ಟಿ" ಅಂತ ಎಲ್ಲರೂ ಹೇಳುತ್ತಾರೆ. ನಿಜ ಏನೆಂದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು. ನಿಮ್ಮನ್ನು ಹೊರಲು ಅದಕ್ಕೆ ಅಷ್ಟೊಂದು ಪ್ರಿಲೋಡ್ ಬೇಕಾಯಿತು, ಅದಕ್ಕೇ ಖಾಲಿ ಇದ್ದಾಗ ಸೆಟೆದಿದೆ. ಅಂಥವರಿಗೆ ಬೇಕಾಗಿರುವುದು ದಪ್ಪ ತಂತಿಯ ಬೇರೆ ಸ್ಪ್ರಿಂಗ್. ಗಟ್ಟಿ ಮಾಡಿಸುವುದು ಅಂದರೆ ಅದು. ಸಣ್ಣಗಿರುವ ಹುಡುಗರಿಗೆ ಇದರ ವಿರುದ್ಧ ಆಗುತ್ತದೆ. ರಿಂಗ್ ಪೂರ್ತಿ ಸಡಿಲಿಸಿದರೂ ಕೂತಾಗ 40 ದಾಟುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ತೂಕ ನೀವು ಬರೆದಿಲ್ಲ. ನೀವು 85-90 ಕೆ.ಜಿ. ಇದ್ದು, ರಿಂಗ್ ಸಡಿಲವಾಗಿದ್ದರೆ, ಹಿಂಬದಿ ಜಾಸ್ತಿ ಕುಸಿಯುತ್ತಿರಬಹುದು. ಹಿಂದೆ ಕುಸಿದಾಗ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಪೈಪು) ಮಲಗಿದಂತಾಗುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಮ್ಮಿ. ಹ್ಯಾಂಡಲ್ ತಿರುಗಿಸಿದರೂ ಬೈಕ್ ಅಗಲವಾಗಿ ಹೋಗಿ ಆಚೆ ಮರಕ್ಕೆ ಮುಖ ಮಾಡುತ್ತದೆ. ಆಗ ರಿಂಗ್ ಬಿಗಿದರೆ ಖಂಡಿತ ತಿರುಗುತ್ತದೆ. ಸ್ಪ್ರಿಂಗ್ ಗಟ್ಟಿಯಾಗಿ ತಿರುಗಿದ್ದಲ್ಲ, ಹಿಂಬದಿ ಎದ್ದು ಫೋರ್ಕ್ ನೇರವಾಗಿದ್ದರಿಂದ. ಕಾರಣ ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ಫುಲ್ ಟೈಟ್ ಮಾಡುವ ಅಗತ್ಯ ಬೀಳುವುದಿಲ್ಲ.

ಸ್ಯಾಗ್ ಸರಿ ಇದ್ದೂ ತಿರುಗುತ್ತಿಲ್ಲವಾ? ಫೋರ್ಕ್ ಪೈಪುಗಳನ್ನು ಕ್ಲ್ಯಾಂಪ್‌ನಲ್ಲಿ 5 ಮಿ.ಮೀ. ಮೇಲಕ್ಕೆ ಸರಿಸಿ ನೋಡಿ, ಮುಂಭಾಗ ಅಷ್ಟು ಕೆಳಗಿಳಿಯುತ್ತದೆ. ಎರಡೂ ಕಡೆ ಒಂದೇ ಅಳತೆ ಇರಬೇಕು. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಕುಗ್ಗಿದಾಗ ಟೈರ್ ಎಲ್ಲಿಗೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹಿಂದೆ ಎತ್ತುವುದು, ಮುಂದೆ ಇಳಿಸುವುದು ಎರಡನ್ನೂ ಒಂದೇ ದಿನ ಮಾಡಬೇಡಿ. ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಜಾಸ್ತಿ ಆದರೆ ಇಳಿಜಾರಿನಲ್ಲಿ ಮುಂಭಾಗ ಒದ್ದಾಡುತ್ತದೆ, ರಿಂಗ್ ರೋಡಿನಲ್ಲಿ ಹ್ಯಾಂಡಲ್ ನಡುಗುತ್ತದೆ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಚೈನಿನ ಮುಂದಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ) 13 ಹಲ್ಲಿನದನ್ನು ತೆಗೆದು 12 ಹಾಕಿ. ಗೇರಿಂಗ್ ಸುಮಾರು ಶೇಕಡಾ 8ರಷ್ಟು ಇಳಿಯುತ್ತದೆ. ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದಷ್ಟೇ ಪರಿಣಾಮ, ಖರ್ಚು ಕಡಿಮೆ. ನಡೆಯುವ ವೇಗದಲ್ಲೂ ಎಂಜಿನ್ ಉಸಿರುಗಟ್ಟುವುದಿಲ್ಲ, ಕ್ಲಚ್ ಬೇಯುವುದಿಲ್ಲ. ಚೈನ್ ಸಡಿಲ ಮತ್ತೆ ಹೊಂದಿಸುವುದನ್ನು ಮರೆಯಬೇಡಿ. ಸೈಲೆನ್ಸರ್ ಬದಲಾಯಿಸಬೇಡಿ. ಸಂದಿಯಲ್ಲಿ ಬೇಕಾಗಿರುವುದು ಕಡಿಮೆ ಆರ್‌ಪಿಎಂನ ಎಳೆತ. ಬರೀ ಸದ್ದಿನ ಸೈಲೆನ್ಸರ್ ಅದನ್ನು ಕೊಡುವುದಿಲ್ಲ.

ಟೈರಿಗೆ ಗಾಳಿ 15ರಿಂದ 18 ಪಿಎಸ್‌ಐ, ದಪ್ಪ ಟ್ಯೂಬ್ ಹಾಕಿಸಿಕೊಂಡು. ಒಣಗಿದ ನೀಲಗಿರಿ ಎಲೆ, ಸರ್ವೆ ಮರದ ಸೂಜಿ ಎಲೆ ಎರಡೂ ಜಾರುತ್ತವೆ. ಗಾಳಿ ಕಡಿಮೆ ಇದ್ದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ವಾಲ್ವ್‌ನ ಬುಡದ ನಟ್ಟನ್ನು ರಿಮ್‌ಗೆ ಬಿಗಿಯಬೇಡಿ, ಮೇಲೆ ಕ್ಯಾಪ್ ಹತ್ತಿರಕ್ಕೆ ತಿರುಗಿಸಿ ಬಿಡಿ. ಟೈರ್ ರಿಮ್ ಮೇಲೆ ಸರಿದರೆ ವಾಲ್ವ್ ಓರೆಯಾಗಿ ಕಾಣುತ್ತದೆ, ಬುಡ ಕಿತ್ತುಹೋಗುವ ಮೊದಲೇ ನಿಮಗೆ ಗೊತ್ತಾಗುತ್ತದೆ. ವಾಪಸ್ ಟಾರ್ ರೋಡಿಗೆ ಬಂದ ಮೇಲೆ ಗಾಳಿ ತುಂಬಿಸಿ. ಪಂಪ್ ಬ್ಯಾಗಿನಲ್ಲಿರಲಿ, ಜಾಲಿ ಮುಳ್ಳು ಯಾರನ್ನೂ ಬಿಟ್ಟಿಲ್ಲ.

ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿ, ರಸ್ತೆಗೆ ಬಂದಾಗ ಮತ್ತೆ ಹಾಕಿ. ಕ್ಲಚ್ ಮತ್ತು ಬ್ರೇಕ್ ಲಿವರಿನ ಕ್ಲ್ಯಾಂಪ್ ಕೆಳಗೆ, ಹ್ಯಾಂಡಲ್ ಬಾರ್‌ಗೆ ಎರಡು ಸುತ್ತು ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಸುತ್ತಿ. ಆಮೇಲೆ ಕೈಯಿಂದ ಜೋರಾಗಿ ತಳ್ಳಿದರೆ ಮಾತ್ರ ತಿರುಗುವಷ್ಟು ಬಿಗಿಯಿರಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಎಂಜಿನ್ ಕೆಳಗೆ ಗಟ್ಟಿ ಪ್ಲೇಟ್ ಬೇಕೇಬೇಕು. ಕಡಿದ ನೀಲಗಿರಿಯ ಬೊಡ್ಡೆ ಎಲೆ ರಾಶಿಯ ಅಡಿಯಲ್ಲಿ ಕೂತಿರುತ್ತದೆ, ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ತೋಪು ಯಾರದ್ದು?

ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಮೇಲುಕೋಟೆ ಮತ್ತು ಹುಣಸೂರು ಕಡೆಯ ಅರಬಿತಿಟ್ಟು ವನ್ಯಜೀವಿ ಧಾಮಗಳು. ಇಲ್ಲೆಲ್ಲ ಬೈಕ್ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೈಮೇಲೆ ಬರುತ್ತವೆ. ಮೇಲುಕೋಟೆಯ ಧಾಮ ಇರುವುದೇ ತೋಳಗಳಿಗಾಗಿ. ಅವುಗಳ ಮನೆಯೊಳಗೆ ನಮಗೇನು ಕೆಲಸ? ಬಂಡೀಪುರ, ನಾಗರಹೊಳೆ ಮಾತೇ ಬೇಡ.

ನಮಗೆ ಉಳಿದದ್ದು ಖಾಸಗಿ ತೋಪುಗಳು. ನೀಲಗಿರಿ, ಸರ್ವೆ, ಒಂದಿಷ್ಟು ತೆಂಗಿನ ತೋಟದ ಅಂಚು. ಅವು ಸಾಕಷ್ಟಿವೆ. ಯಜಮಾನರ ಮನೆಗೆ ಹೋಗಿ, ಹೆಲ್ಮೆಟ್ ತೆಗೆದು, ಕೇಳಿ. ಹಿಂದಿನ ದಿನವೇ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು. ಬೇಡ ಅಂದರೆ ವಾದ ಬೇಡ. ಹೂಂ ಅಂದರೆ ಹನಿ ನೀರಾವರಿ ಪೈಪ್ ಎಲ್ಲಿ ಹಾದಿದೆ, ದನ ಎಲ್ಲಿ ಕಟ್ಟಿದ್ದಾರೆ ಅಂತ ವಿಚಾರಿಸಿಕೊಳ್ಳಿ. ಸದ್ದಿನ ಸೈಲೆನ್ಸರ್ ಬೇಡ ಅಂದಿದ್ದಕ್ಕೆ ಇದೂ ಕಾರಣ. ಒಬ್ಬನ ಸದ್ದಿಗೆ ಬೇಸತ್ತ ಯಜಮಾನರು ಆಮೇಲೆ ಬರುವ ಯಾರನ್ನೂ ಒಳಗೆ ಬಿಡುವುದಿಲ್ಲ.

ಮಂಡ್ಯ, ಪಾಂಡವಪುರ ಕಡೆಯವರಿಗೆ ಇನ್ನೊಂದು ಮಾತು. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟಿರುವಾಗ ಗದ್ದೆಯ ಬದು ಹತ್ತಬೇಡಿ. ನೆನೆದ ಬದುವಿನ ಮೇಲೆ ಗುಬುಟು ಟೈರ್ ಒಮ್ಮೆ ಹಾದರೆ ಸಾಕು, ಆ ಸಾಲಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಬದು ಒಡೆದಿರುತ್ತದೆ. ಸುತ್ತು ಹಾಕಿ ಹೋದರೆ ಐದು ನಿಮಿಷ ಜಾಸ್ತಿ ಹಿಡಿಯಬಹುದು. ಸುತ್ತು ಹಾಕಿಯೇ ಹೋಗಿ.