ಐಸಿಡಿ ಮತ್ತು ‘ಬೇಡ’ಗಳ ಪಟ್ಟಿ

ಸೋಮವಾರ ನಮ್ಮಲ್ಲಿ ಮಿಷಿನ್ ತಪಾಸಣೆಯ ದಿನ. ಪೇಸ್‌ಮೇಕರ್ ಅಥವಾ ಐಸಿಡಿ (ಲಯ ತಪ್ಪಿದ ಹೃದಯವನ್ನು ಶಾಕ್ ಕೊಟ್ಟು ಸರಿದಾರಿಗೆ ತರಲು ಎದೆಯಲ್ಲಿ ಕೂರಿಸುವ ಪುಟ್ಟ ಯಂತ್ರ) ಹಾಕಿಸಿಕೊಂಡವರೆಲ್ಲ ಸಾಲಾಗಿ ಕುಳಿತಿರುತ್ತಾರೆ. ಕೆಲವು ತಿಂಗಳ ಹಿಂದೆ ಆ ಸಾಲಿನಲ್ಲಿ ಒಬ್ಬರು ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಅದನ್ನು ಬಲಗೈಯಲ್ಲಿ ಹಿಡಿದು ಕುಳಿತಿದ್ದರು. ಮೂಳೆ ಮುರಿದಿರಬೇಕು ಎಂದುಕೊಂಡೆ. ಮುರಿದಿರಲಿಲ್ಲ. ಅದಕ್ಕೂ ನಾಲ್ಕು ತಿಂಗಳ ಮೊದಲು ಅವರಿಗೆ ಐಸಿಡಿ ಕೂರಿಸಿದ್ದೆವು. ಅಂದಿನಿಂದ ಆ ಕೈಯನ್ನು ಅವರು ಎತ್ತಿಯೇ ಇರಲಿಲ್ಲ. ಅಂಗಿ ತೊಡಿಸುತ್ತಿದ್ದವರು ಹೆಂಡತಿ, ತಲೆ ಬಾಚುತ್ತಿದ್ದವಳು ಮಗಳು. ಮುಟ್ಟಿ ನೋಡಿದರೆ ಭುಜ ಬಾಗಿಲ ಚಿಲಕ ತುಕ್ಕು ಹಿಡಿದಂತೆ ಬಿಗಿದುಹೋಗಿತ್ತು. ‘ಕೈ ಎತ್ತಬೇಡಿ ಎಂದು ನೀವೇ ಬರೆದುಕೊಟ್ಟಿದ್ದಿರಲ್ಲ’ ಎಂದು ಜೇಬಿನಿಂದ ಚೀಟಿ ತೆಗೆದು ತೋರಿಸಿದರು. ಬರೆದದ್ದು ನಿಜ. ಎಷ್ಟು ದಿನ ಎಂದು ಬರೆದಿರಲಿಲ್ಲ.

ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬಾರದು ಎನ್ನುವುದು ನಾಲ್ಕರಿಂದ ಆರು ವಾರಗಳ ಮಾತು. ಹೃದಯದೊಳಗೆ ಇಳಿಬಿಟ್ಟ ತಂತಿ ತನ್ನ ಜಾಗದಲ್ಲಿ ಬೇರೂರುವ ತನಕ ಮಾತ್ರ. ಆ ಅವಧಿಯಲ್ಲೂ ಕೈಯನ್ನು ಕೆಳಮಟ್ಟದಲ್ಲಿ ಆಡಿಸುತ್ತಲೇ ಇರಬೇಕು. ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಉಳಿಸಿದ್ದಕ್ಕೆ ಅವರು ಮೂರು ತಿಂಗಳು ಫಿಸಿಯೋಥೆರಪಿಗೆ ಅಲೆದರು.

ಹೃದಯದ ಲಯದ ಕಾಯಿಲೆ ನೋಡುವ ವೈದ್ಯ ನಾನು. ಐಸಿಡಿ ಕೂರಿಸುವುದು ಒಂದು ಒಂದೂವರೆ ಗಂಟೆಯ ಕೆಲಸ. ಆಮೇಲೆ ಅದರೊಂದಿಗೆ ಬದುಕುವವರು ನಾವಲ್ಲ. ಮನೆಗೆ ಹೋಗುವಾಗ ಅವರ ಕೈಗೆ ‘ಬೇಡ’ಗಳ ಪಟ್ಟಿಯೊಂದನ್ನು ಇಡುತ್ತೇವೆ, ನೆಂಟರಿಷ್ಟರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ. ಕಾಯಿಲೆ ಕಸಿದುಕೊಂಡದ್ದಕ್ಕಿಂತ ಹೆಚ್ಚನ್ನು ಈ ಪಟ್ಟಿ ಕಸಿದುಕೊಂಡಿರುವುದನ್ನು ವಾರವಾರವೂ ನೋಡುತ್ತೇನೆ. ಅದನ್ನು ಸ್ವಲ್ಪ ಮೊಟಕುಗೊಳಿಸೋಣ ಎಂದು ಈ ಬರಹ. (ಇಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೊದಲು, ಅದು ಏನು ಎಂಬುದು. ‘ಬ್ಯಾಟರಿ ಹಾಕಿಸಿಕೊಂಡಿದ್ದೇನೆ’ ಎನ್ನುವವರಲ್ಲಿ ಅರ್ಧ ಜನಕ್ಕೆ ತಮ್ಮ ಎದೆಯಲ್ಲಿರುವುದು ಪೇಸ್‌ಮೇಕರೋ ಐಸಿಡಿಯೋ ಗೊತ್ತಿರುವುದಿಲ್ಲ. ಸ್ಟೆಂಟ್ ರಕ್ತನಾಳದ ಅಡಚಣೆ ಬಿಡಿಸುವ ಜಾಲರಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೇಸ್‌ಮೇಕರ್ ನಿಧಾನವಾದ ಹೃದಯವನ್ನು ತಟ್ಟಿ ಓಡಿಸುತ್ತದೆ. ಐಸಿಡಿ ಆ ಕೆಲಸವನ್ನೂ ಮಾಡಬಲ್ಲದು; ಆದರೆ ಅದನ್ನು ಕೂರಿಸುವುದು ಬೇರೆ ಕಾರಣಕ್ಕೆ. ಹೃದಯದ ಕೆಳಕೋಣೆಗಳು ಇದ್ದಕ್ಕಿದ್ದಂತೆ ಹುಚ್ಚುವೇಗದಲ್ಲಿ ಬಡಿಯತೊಡಗಿದರೆ, ಅಥವಾ ಬಡಿಯುವುದನ್ನೇ ಬಿಟ್ಟು ಬರಿದೇ ಅದುರತೊಡಗಿದರೆ, ಕೆಲವು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ, ಕೆಲವು ನಿಮಿಷಗಳಲ್ಲಿ ಪ್ರಾಣ. ಆ ಹೊತ್ತಿನಲ್ಲಿ ಆಸ್ಪತ್ರೆ ತಲುಪುವವರು ಕಡಿಮೆ. ಆದ್ದರಿಂದ ಶಾಕ್ ಕೊಡುವ ಯಂತ್ರವನ್ನೇ, ಸಾಮಾನ್ಯವಾಗಿ ಎಡಗಡೆಯ ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಇಟ್ಟುಬಿಡುವುದು.

ಈ ಯೋಚನೆ ಹೊಳೆದದ್ದು ಪೋಲೆಂಡ್ ಮೂಲದ ವೈದ್ಯ ಮಿಷೆಲ್ ಮಿರೋವ್‌ಸ್ಕಿ ಅವರಿಗೆ. ಅವರ ಹಿರಿಯ ಸಹೋದ್ಯೋಗಿಯೊಬ್ಬರು 1966ರಲ್ಲಿ ಹೀಗೆಯೇ ಲಯ ತಪ್ಪಿ ತೀರಿಕೊಂಡರು. ಯಂತ್ರವನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಕೂರಿಸಿದ್ದು 1980ರ ಫೆಬ್ರವರಿಯಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಆಗ ಎದೆ ತೆರೆಯಬೇಕಿತ್ತು. ಇನ್ನೂರು ಗ್ರಾಂ ಮೀರಿದ ಡಬ್ಬಿಯನ್ನು ಹೊಟ್ಟೆಯಲ್ಲಿ ಇಡಬೇಕಿತ್ತು. ಈಗಿನದು ಎಪ್ಪತ್ತು ಎಂಬತ್ತು ಗ್ರಾಂ, ಚಿಕ್ಕ ಬೆಂಕಿಪೊಟ್ಟಣಕ್ಕಿಂತ ತುಸು ಅಗಲ. ತಂತಿ ರಕ್ತನಾಳದ ಒಳಗಿನಿಂದಲೇ ಇಳಿಯುತ್ತದೆ.

ಜನ ಹೆದರುವುದು ಶಾಕ್‌ಗೆ. ಹೆದರಿಕೆ ಸುಳ್ಳಲ್ಲ. ನಾನು ಅದನ್ನು ಅನುಭವಿಸಿಲ್ಲ. ಅನುಭವಿಸಿದವರು ಹೇಳುವುದನ್ನು ಹೇಳುತ್ತೇನೆ. ‘ಎತ್ತು ಎದೆಗೆ ಒದ್ದ ಹಾಗೆ’ ಎಂದರು ಒಬ್ಬ ರೈತರು. ‘ಯಾರೋ ಒನಕೆಯಲ್ಲಿ ಗುದ್ದಿದರು, ತಿರುಗಿ ನೋಡಿದರೆ ಯಾರೂ ಇರಲಿಲ್ಲ’ ಎಂದರು ಒಬ್ಬ ಅಜ್ಜಿ. ಎಣಿಸಿದರೆ ಒಂದು ಕ್ಷಣವೂ ಇಲ್ಲ. ಯಂತ್ರ ಮೊದಲಿಗೇ ಗುದ್ದುವುದೂ ಇಲ್ಲ. ಹೆಚ್ಚಿನ ಸಲ ಅದು ಆ ಹುಚ್ಚು ಓಟಕ್ಕಿಂತ ಒಂದಿಷ್ಟು ಹೆಚ್ಚು ವೇಗದಲ್ಲಿ ನಾಲ್ಕಾರು ಸಣ್ಣ ತಟ್ಟುಗಳನ್ನು ಕೊಟ್ಟು ಲಯವನ್ನು ಹಿಡಿತಕ್ಕೆ ತರಲು ನೋಡುತ್ತದೆ. ಇದು ನೋಯುವುದಿಲ್ಲ, ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ತಪಾಸಣೆಯಲ್ಲಿ ‘ಹೋದ ತಿಂಗಳು ಎರಡು ಸಲ ನಿಮ್ಮನ್ನು ಉಳಿಸಿದೆ’ ಎಂದರೆ ‘ಹೌದಾ? ಯಾವಾಗ?’ ಎಂದು ಬೆರಗಾಗುತ್ತಾರೆ. ಇದು ಫಲಿಸದಿದ್ದರೆ, ಅಥವಾ ಲಯ ತೀರಾ ಕೆಟ್ಟಿದ್ದರೆ ಮಾತ್ರ ಶಾಕ್. ಅದಕ್ಕೆ ಚಾರ್ಜ್ ಆಗಲು ಹತ್ತು ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಪ್ರಜ್ಞೆ ತಪ್ಪಿದವರಿಗೆ ಏಟಿನ ಅರಿವೇ ಇರುವುದಿಲ್ಲ. ಆ ಹೊತ್ತಿನಲ್ಲಿ ಕೈ ಹಿಡಿದುಕೊಂಡಿದ್ದವರಿಗೆ ಸ್ವಲ್ಪ ಜುಮ್ಮೆನ್ನಬಹುದು, ಅಪಾಯವಿಲ್ಲ. ಅದಕ್ಕೆ ಹೆದರಿ, ಬಿದ್ದವರನ್ನು ಮುಟ್ಟದೆ ನಿಲ್ಲಬೇಡಿ.

ಒಂದು ಶಾಕ್ ಬಂತು, ಆಮೇಲೆ ಆರಾಮವಾಗಿದ್ದೀರಿ: ಕುಳಿತುಕೊಳ್ಳಿ, ನೀರು ಕುಡಿಯಿರಿ, ಅಂದೇ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ. ಒಂದೇ ದಿನದಲ್ಲಿ ಎರಡು ಅಥವಾ ಹೆಚ್ಚು ಬಂದರೆ, ಇಲ್ಲವೇ ಒಂದೇ ಬಂದರೂ ಎದೆನೋವು, ಏದುಸಿರು, ತಲೆಸುತ್ತು ಉಳಿದರೆ 108ಕ್ಕೆ ಕರೆ ಮಾಡಿ. ಇದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ ಎನ್ನುತ್ತೇನೆ. ಮೊಬೈಲಿನಲ್ಲಿ ಉಳಿಸಿಕೊಂಡದ್ದು ಆ ಹೊತ್ತಿಗೆ ಯಾರಿಗೂ ಸಿಗುವುದಿಲ್ಲ.

ಕೆಲವು ಶಾಕ್‌ಗಳು ತಪ್ಪು ಲೆಕ್ಕದಿಂದಲೂ ಬರುತ್ತವೆ. ಮೇಲೆ ಹೇಳಿದ ರೈತರದು ಅದೇ ಕಥೆ. ಮೂರು ವಾರಗಳಲ್ಲಿ ಎರಡು ಸಲ ಎತ್ತು ಒದೆಯಿತು, ಎರಡು ಸಲವೂ ತೋಟದಲ್ಲಿ, ಎರಡು ಸಲವೂ ಎಚ್ಚರವಾಗಿದ್ದಾಗ. ತೋಟದಲ್ಲಿ ಏನೋ ಇದೆ ಎಂದು ಮನೆಯವರು ಶಾಂತಿ ಮಾಡಿಸಿಯೂ ಆಗಿತ್ತು. ಯಂತ್ರದ ದಾಖಲೆಯನ್ನು ಪರದೆಗೆ ತಂದು ನೋಡಿದೆ. ಹೃದಯದ ಬಡಿತಗಳು ಅಚ್ಚುಕಟ್ಟಾಗಿ, ಸಮ ಅಂತರದಲ್ಲಿ ನಿಂತಿದ್ದವು. ಅವುಗಳ ನಡುವಿನ ಖಾಲಿ ಜಾಗದಲ್ಲೆಲ್ಲ ಗರಗಸದ ಹಲ್ಲಿನಂತೆ ಒತ್ತೊತ್ತಾದ ಗೀರುಗಳು. ಎಣಿಸಿದರೆ ಸೆಕೆಂಡಿಗೆ ಐವತ್ತು. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ತೊನೆಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಅರ್ಥಿಂಗ್ ಇರಲಿಲ್ಲ. ಒದ್ದೆ ಕಾಲಿನಲ್ಲಿ ನಿಂತು ಅದನ್ನು ಮುಟ್ಟಿದಾಗ, ಕೈಗೆ ಜುಮ್ಮೆಂದೂ ಅನ್ನಿಸದಷ್ಟು ಸಣ್ಣ ಸೋರಿಕೆ ಮೈಯಲ್ಲಿ ಹರಿದಿತ್ತು. ಐಸಿಡಿ ಪಾಪ, ಹೃದಯವೇ ನಿಮಿಷಕ್ಕೆ ಮೂರು ಸಾವಿರ ಸಲ ಅದುರುತ್ತಿದೆ ಎಂದು ತಿಳಿದು ಗುದ್ದಿತು. ಮದ್ದು ಎಲೆಕ್ಟ್ರಿಷಿಯನ್ ಬಳಿ ಇತ್ತು. ಹೊಸ ಅರ್ಥಿಂಗ್, ಸೋರಿಕೆಯಾದರೆ ಕರೆಂಟು ಕತ್ತರಿಸುವ ಒಂದು ಸ್ವಿಚ್, ಅಷ್ಟೇ. ಈಗ ಐಸಿಡಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಗೀಸರ್, ವಾಷಿಂಗ್ ಮಿಷಿನ್, ಗ್ರೈಂಡರ್, ಪಂಪು ಇವುಗಳ ಅರ್ಥಿಂಗ್ ನೋಡಿಸಿ ಎಂದು ಬರೆದುಕೊಡುತ್ತೇನೆ. ಹೃದಯದ ವೈದ್ಯ ಬರೆಯುವ ಚೀಟಿಯಲ್ಲಿ ಎಲೆಕ್ಟ್ರಿಷಿಯನ್ ಹೆಸರು ಬರುವುದನ್ನು ಕಂಡು ಔಷಧದ ಅಂಗಡಿಯವರು ನಗುತ್ತಾರಂತೆ.

ತಪ್ಪು ಶಾಕ್‌ಗಳನ್ನು ತಗ್ಗಿಸಲು ಯಂತ್ರವನ್ನು ಹೊಂದಿಸುವ ಬಗೆಯೂ ಬದಲಾಗಿದೆ. ಸ್ವಲ್ಪ ಹೆಚ್ಚು ವೇಗಕ್ಕೆ ಮಾತ್ರ ಎದ್ದೇಳುವಂತೆ, ಸ್ವಲ್ಪ ಹೊತ್ತು ಕಾದು ನೋಡುವಂತೆ ಹೊಂದಿಸಿದರೆ ತಪ್ಪು ಏಟುಗಳೂ ಸಾವುಗಳೂ ಕಡಿಮೆಯಾಗುತ್ತವೆ ಎಂದು 2012ರ ದೊಡ್ಡ ಅಧ್ಯಯನವೊಂದು ತೋರಿಸಿತು. ನಿಮ್ಮದು ಹಳೆಯ ಹೊಂದಿಕೆಯಲ್ಲೇ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಏಟು ಮರೆತರೂ ಅದು ಬಿದ್ದ ಜಾಗ ಮರೆಯುವುದಿಲ್ಲ. ಸ್ನಾನದ ಮನೆಯಲ್ಲಿ ಶಾಕ್ ಬಂದವರು ಬಾಗಿಲು ತೆರೆದಿಟ್ಟು ಎರಡು ಚೊಂಬು ನೀರಿನಲ್ಲಿ ಸ್ನಾನ ಮುಗಿಸುತ್ತಾರೆ. ಮೆಟ್ಟಿಲ ಮೇಲೆ ಬಂದವರು ಮಹಡಿಯನ್ನೇ ಬಿಡುತ್ತಾರೆ. ನಿದ್ದೆಯಲ್ಲಿ ಬೆಚ್ಚಿ ಎದ್ದು ‘ಹೊಡೆಯಿತು’ ಎಂದು ಓಡಿಬರುವವರಿದ್ದಾರೆ; ದಾಖಲೆ ತೆಗೆದರೆ ಆ ರಾತ್ರಿ ಯಂತ್ರ ಏನೂ ಮಾಡಿರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಒಮ್ಮೆ ಏಟು ತಿಂದ ಮೈಗೆ ಅದರ ನೆನಪೇ ಮತ್ತೊಂದು ಏಟಿನಂತೆ ಬರುತ್ತದೆ. ‘ಏನೂ ಇಲ್ಲ, ಹೋಗಿ’ ಎಂದು ಕಳುಹಿಸುತ್ತಿದ್ದ ಕಾಲವಿತ್ತು, ನಾನೂ ಕಳುಹಿಸಿದ್ದೇನೆ. ಈಗ ದಾಖಲೆಯ ಪರದೆಯನ್ನು ಅವರತ್ತ ತಿರುಗಿಸಿ ತೋರಿಸುತ್ತೇನೆ, ಹೆದರಿಕೆ ಇಳಿಯದಿದ್ದರೆ ಮನೋವೈದ್ಯರ ಹತ್ತಿರ ಕಳುಹಿಸುತ್ತೇನೆ. ಹೋಗಲು ಹಿಂಜರಿಯುವವರೇ ಹೆಚ್ಚು. ಹೋದವರು ಮತ್ತೆ ಮಹಡಿ ಹತ್ತಿದ್ದನ್ನು ಕಂಡಿದ್ದೇನೆ.

ಇನ್ನು ದಿನನಿತ್ಯದ ವಸ್ತುಗಳು. ಮೊಬೈಲನ್ನು ಬಲಗಿವಿಗೆ ಹಿಡಿಯಿರಿ, ಎಡಜೇಬಿನಲ್ಲಿ ಇಡಬೇಡಿ. ಯಂತ್ರದಿಂದ ಒಂದು ಗೇಣಿನಷ್ಟು ದೂರವಿದ್ದರೆ ಸಾಕು. ಹಿಂಬದಿಯಲ್ಲಿ ಅಯಸ್ಕಾಂತವಿರುವ ಫೋನುಗಳ ವಿಷಯದಲ್ಲಿ ಈ ಎಚ್ಚರ ನಿಜಕ್ಕೂ ಬೇಕು: ಐಫೋನ್ 12 ಅನ್ನು ಎದೆಯ ಮೇಲೆ ತಂದಾಗ ಐಸಿಡಿಯ ಶಾಕ್ ವ್ಯವಸ್ಥೆ ತಡೆದು ನಿಂತದ್ದನ್ನು 2021ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಅಯಸ್ಕಾಂತ ಹತ್ತಿರ ಬಂದರೆ ಐಸಿಡಿ ಶಾಕ್ ಕೊಡುವುದನ್ನು ನಿಲ್ಲಿಸುತ್ತದೆ, ತೆಗೆದರೆ ಮತ್ತೆ ಕಾವಲಿಗೆ ಕೂರುತ್ತದೆ. ಹಾಗಾಗಿ ಸಂತೆಯಿಂದ ಸಮುದಾಯ ಭವನದವರೆಗೆ ಎಲ್ಲೆಡೆ ‘ಸರ್ವರೋಗ ನಿವಾರಕ’ ಎಂದು ಮಾರುವ ಅಯಸ್ಕಾಂತದ ಹಾಸಿಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನನ್ನ ‘ಬೇಡ’ಗಳ ಪಟ್ಟಿಯಲ್ಲಿ ರಾಜಿಯಿಲ್ಲದ ಸಾಲು ಇದು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ, ಅಥವಾ ಗ್ಯಾಸ್ ಬಳಸಿ. ಮಿಕ್ಸಿ, ಟಿವಿ, ಮೈಕ್ರೋವೇವ್ ಸುಸ್ಥಿತಿಯಲ್ಲಿದ್ದರೆ ತೊಂದರೆಯಿಲ್ಲ. ಮೆಟ್ರೋ ನಿಲ್ದಾಣದ ಚೌಕಟ್ಟನ್ನು ನಡೆದೇ ದಾಟಿ, ಅದಕ್ಕೆ ಒರಗಿ ನಿಲ್ಲಬೇಡಿ. ಕೈಯಲ್ಲಿ ಹಿಡಿದು ತಪಾಸಿಸುವ ಕೋಲನ್ನು ಎದೆಯ ಮೇಲೆ ಆಡಿಸುವ ಮುನ್ನ, ಐಸಿಡಿ ಇದೆ ಎಂದು ಆಸ್ಪತ್ರೆ ಕೊಟ್ಟ ಕಾರ್ಡ್ ತೋರಿಸಿ. ಜನಿವಾರ ಹಾಕಬಹುದೇ, ತಾಳಿ ತಗುಲಿದರೆ ಏನಾಗುತ್ತದೆ ಎಂದು ಪಿಸುದನಿಯಲ್ಲಿ ಕೇಳುತ್ತಾರೆ. ಏನೂ ಆಗುವುದಿಲ್ಲ.

ಕೆಲವು ಯಂತ್ರಗಳು ಬ್ಯಾಟರಿ ಮುಗಿಯುತ್ತ ಬಂದಾಗ ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಸದ್ದು ಮಾಡುತ್ತವೆ. ನಿವೃತ್ತ ಶಿಕ್ಷಕಿಯೊಬ್ಬರು ಬೆಳಿಗ್ಗೆ ಎಂಟಕ್ಕೆ ಎಲ್ಲಿಂದಲೋ ಬರುವ ಆ ಸದ್ದಿಗಾಗಿ ಹತ್ತು ದಿನ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ನೋಡಿದರಂತೆ. ಹನ್ನೊಂದನೆಯ ದಿನ ಮೊಮ್ಮಗ ಅಪ್ಪಿಕೊಂಡಾಗ ‘ಅಜ್ಜಿ, ನಿನ್ನೊಳಗೆ’ ಎಂದ. ಸದ್ದು ಕೇಳಿದರೆ ಗಾಬರಿ ಬೇಡ, ತಡವೂ ಬೇಡ. ಎಂಟು ಹತ್ತು ವರ್ಷಕ್ಕೊಮ್ಮೆ ಡಬ್ಬಿ ಬದಲಿಸಬೇಕಾಗುತ್ತದೆ; ತಂತಿ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ.

ಗಂಡಹೆಂಡಿರ ನಡುವಿನ ಮಾತನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಬಲ್ಲವರಿಗೆ ದಾಂಪತ್ಯ ಸುಖ ನಿಷಿದ್ಧವಲ್ಲ. ಕೋಣೆಯಲ್ಲಿ ಕೆಲ ಕ್ಷಣ ಮೌನ, ಆಮೇಲೆ ಇಬ್ಬರ ಮುಖದಲ್ಲೂ ಒಂದು ಸಡಿಲಿಕೆ.

ಆಟ, ದುಡಿಮೆ? ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಕುಸಿದುಬಿದ್ದದ್ದನ್ನು ಟಿವಿಯಲ್ಲಿ ಕಂಡವರಿಗೆ ಮರೆಯಲಾಗದು. ಐಸಿಡಿ ಹಾಕಿಸಿಕೊಂಡರು. ಇಟಲಿಯ ಲೀಗ್ ಅದರೊಂದಿಗೆ ಆಡಲು ಬಿಡಲಿಲ್ಲ, ಇಂಗ್ಲೆಂಡ್ ಬಿಟ್ಟಿತು. ಮೂರು ವರ್ಷದ ಬಳಿಕ ಯುರೋ 2024ರಲ್ಲಿ ಗೋಲು ಹೊಡೆದರು. ಎಲ್ಲರೂ ಎರಿಕ್ಸನ್ ಆಗಬೇಕಿಲ್ಲ. ನಡಿಗೆ, ಸೈಕಲ್, ತೋಟದ ಕೆಲಸ ಧಾರಾಳವಾಗಿ ಮಾಡಿ. ಅರೆಕ್ಷಣ ಪ್ರಜ್ಞೆ ತಪ್ಪಿದರೂ ಜೀವಕ್ಕೆ ಎರವಾಗುವ ಕೆಲಸಗಳನ್ನು ಬಿಡಿ: ತೆಂಗು ಅಡಿಕೆ ಮರ ಹತ್ತುವುದು, ಹೊಳೆಯಲ್ಲಿ ಒಬ್ಬರೇ ಈಜುವುದು. ಪ್ರಜ್ಞೆ ತಪ್ಪಿ ಶಾಕ್ ಬಂದವರಿಗೆ ಮೂರರಿಂದ ಆರು ತಿಂಗಳು ಸ್ವಂತ ಬೈಕು ಕಾರು ಬೇಡ ಎನ್ನುತ್ತೇನೆ. ಲಾರಿ, ಬಸ್, ಶಾಲಾ ವ್ಯಾನ್ ಓಡಿಸುವವರಿಗೆ ಆ ಕೆಲಸವನ್ನೇ ಬಿಡಿ ಎನ್ನಬೇಕಾಗುತ್ತದೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಕಹಿಯಾದ ಮಾತು ಹೆಚ್ಚಿಲ್ಲ. ಜೀವ ಉಳಿಸಿ ಅನ್ನ ಕಿತ್ತುಕೊಂಡಂತೆ.

ಒಂದು ವಿಷಯವನ್ನು ನಾವು ವೈದ್ಯರೇ ಬಹಳ ಕಾಲ ನುಂಗಿಕೊಂಡು ಬಂದಿದ್ದೇವೆ. ಹೃದಯ ಸೋತು, ಮೂತ್ರಪಿಂಡ ಸೋತು, ಮನೆಗೆ ಕರೆದೊಯ್ದಿದ್ದ ಹಿರಿಯರೊಬ್ಬರಿಗೆ ಕೊನೆಯ ರಾತ್ರಿ ಒಂದರ ಮೇಲೊಂದು ಶಾಕ್ ಬಿದ್ದವು. ನೀರು ಬಿಡುತ್ತಿದ್ದ ಹೆಂಡತಿಯ ಮಡಿಲಲ್ಲೇ ಮೈ ಎಗರಿ ಎಗರಿ ಬಿತ್ತು. ಯಂತ್ರ ತನಗೆ ಹೇಳಿದ್ದನ್ನು ಮಾಡುತ್ತಿತ್ತು. ಸಾಕು ಎಂದು ಅದಕ್ಕೆ ಹೇಳಬೇಕಾದವನು ನಾನು, ಹೇಳಿರಲಿಲ್ಲ. ಶಾಕ್ ವ್ಯವಸ್ಥೆಯನ್ನು ಮಾತ್ರ ಆರಿಸಲು ಎರಡು ನಿಮಿಷ ಸಾಕು; ಕೊಯ್ಯಬೇಕಿಲ್ಲ, ನೋಯುವುದಿಲ್ಲ, ಆರಿಸಿದಾಕ್ಷಣ ಹೃದಯ ನಿಲ್ಲುವುದೂ ಇಲ್ಲ, ಪೇಸ್‌ಮೇಕರ್ ಕೆಲಸ ನಡೆದೇ ಇರುತ್ತದೆ. ಇದು ಸಾಯಿಸುವುದಲ್ಲ, ಸಾವಿಗೆ ಅಡ್ಡ ನಿಂತು ಗುದ್ದಾಡುವುದನ್ನು ಬಿಡುವುದು.

ದಹನ ಮಾಡುವ ಮನೆತನದವರಿಗೆ ಇನ್ನೊಂದು ಮಾತು. ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ, ಕಟ್ಟಿಗೆಯ ಚಿತೆಯಾಗಲಿ ವಿದ್ಯುತ್ ಚಿತಾಗಾರವಾಗಲಿ. ಆದ್ದರಿಂದ ಡಬ್ಬಿಯನ್ನು ಮೊದಲು ತೆಗೆಸಬೇಕು, ಅದಕ್ಕೂ ಮೊದಲು ಶಾಕ್ ಆರಿಸಿರಬೇಕು, ಇಲ್ಲದಿದ್ದರೆ ತೆಗೆಯುವವರಿಗೆ ಹೊಡೆದೀತು. ನಮ್ಮ ರೋಗಿಗಳ ಕಾರ್ಡಿನ ಹಿಂಬದಿಯಲ್ಲಿ ಈಗ ಇದನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಿಸಿದ್ದೇವೆ. ಆಪರೇಷನ್ ಆಗಿ ಮನೆಗೆ ಹೊರಟವರ ಕೈಗೆ ಇದನ್ನು ಹೇಗೆ ಕೊಡುವುದು ಎಂದು ನಮ್ಮ ನರ್ಸ್ ಕೇಳಿದರು. ಕೊಡಿ, ಓದಿ ಹೇಳಬೇಡಿ ಎಂದೆ. ಮೂರನೆಯದೋ ನಾಲ್ಕನೆಯದೋ ತಪಾಸಣೆಗೆ ಬರುವ ಹೊತ್ತಿಗೆ ಅವರೇ ಕಾರ್ಡನ್ನು ತಿರುಗಿಸಿ ಮೇಜಿನ ಮೇಲಿಟ್ಟು, ‘ಇದು ಏನು?’ ಎಂದು ಕೇಳುತ್ತಾರೆ. ಆಗ ಬಾಗಿಲು ಮುಂದೆ ಮಾಡಿ ಹೇಳುತ್ತೇನೆ.